ಕರಿಮರಳಿನ ಜಾಡು

ಮುಂಗಾರು ಮಳೆ ಬಿರುಸಾಗಿ ಸುರಿದು ನಿಂತ ಮರುದಿನ ಹಳ್ಳದ ದಂಡೆಗೆ ಹೋದವರ ಕಣ್ಣಿಗೆ ಒಂದು ಸಂಗತಿ ಬೀಳದಿರದು. ನೀರು ಇಳಿದ ಜಾಗದಲ್ಲಿ ನಸುಬಿಳಿಯ ಮರಳಿನ ಮೇಲೆ ಕಾಡಿಗೆಯಿಂದ ಎಳೆದಂತೆ ಕಪ್ಪು ಗೆರೆಗಳು ಮೂಡಿರುತ್ತವೆ. ಅಯಸ್ಕಾಂತದ ತುಂಡೊಂದನ್ನು ಆ ಗೆರೆಯ ಮೇಲೆ ಆಡಿಸಿದರೆ ಕರಿಯ ಕಣಗಳು ಮೀಸೆಯಂತೆ ಅದಕ್ಕೆ ಮೆತ್ತಿಕೊಳ್ಳುತ್ತವೆ. ತುಮಕೂರು ಸೀಮೆಯ ಮಕ್ಕಳಿಗೆ ಇದು ಆಟ. ಒಂದಾನೊಂದು ಕಾಲದಲ್ಲಿ ಅಲ್ಲಿನ ಹಿರಿಯರಿಗೆ ಇದೇ ಮರಳು ಹೊಟ್ಟೆಪಾಡಾಗಿತ್ತು.

ಶ್ರೀರಂಗಪಟ್ಟಣವು ಬಿದ್ದ ಮರುವರ್ಷ, ಅಂದರೆ 1800 ರಲ್ಲಿ, ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯನು ಈಸ್ಟ್ ಇಂಡಿಯಾ ಕಂಪನಿಯ ಅಪ್ಪಣೆಯಂತೆ ಮೈಸೂರು ಸೀಮೆಯನ್ನು ಸುತ್ತಿ, ಕಂಡದ್ದನ್ನೆಲ್ಲ ಬರೆದಿಟ್ಟನು. ಇಂದಿನ ಮಧುಗಿರಿಯ ಸುತ್ತಮುತ್ತ ಜನರು ಮಳೆಗಾಲದ ತೊರೆಗಳು ಹೊತ್ತು ತಂದ ಕರಿಮರಳನ್ನು ಆಯ್ದು, ಇದ್ದಲಿನ ಕುಲುಮೆಯಲ್ಲಿ ಹಾಕಿ, ತಿದಿಯೊತ್ತಿ ಕಬ್ಬಿಣ ತೆಗೆಯುತ್ತಿದ್ದುದನ್ನು ಅವನು ಕಂಡನು. ಆ ಕಬ್ಬಿಣದಿಂದ ಉಕ್ಕನ್ನೂ ಮಾಡುತ್ತಿದ್ದರು. 1807 ರಲ್ಲಿ ಅಚ್ಚಾದ ಅವನ ಪ್ರವಾಸಗ್ರಂಥದಲ್ಲಿ ಈ ಕುಲುಮೆಗಳ ವಿವರ ದೊರೆಯುತ್ತದೆ. ಓದುಬರಹವಿಲ್ಲದ ಆ ಕಸುಬುದಾರರು ಅದಿರನ್ನು ಅರಸಿ ಬೆಟ್ಟವನ್ನು ಅಗೆಯಲಿಲ್ಲ. ಬೆಟ್ಟವೇ ಅದಿರನ್ನು ಹಳ್ಳದವರೆಗೆ ಕಳುಹಿಸುತ್ತದೆ ಎಂಬುದನ್ನು ಅವರು ಬಲ್ಲವರಾಗಿದ್ದರು. ಇಂದಿನ ಖನಿಜಾನ್ವೇಷಣೆಯ ಒಂದು ಮುಖ್ಯ ವಿಧಾನವು ಇದೇ ತಿಳಿವಳಿಕೆಯ ಮೇಲೆ ನಿಂತಿದೆ.

ಬಂಡೆಯು ಬಿಸಿಲಿಗೆ ಕಾದು, ಮಳೆಗೆ ನೆನೆದು, ನೂರಾರು ಸಾವಿರ ವರ್ಷಗಳಲ್ಲಿ ಶಿಥಿಲವಾಗಿ ಉದುರುತ್ತದೆ. ಅದರಲ್ಲಿನ ಕೆಲವು ಖನಿಜಗಳು ಕೊಳೆತು ಜೇಡಿಯಾಗುತ್ತವೆ. ಗಟ್ಟಿಯಾದವು ಕಣಗಳಾಗಿ ಉಳಿಯುತ್ತವೆ. ಹಳ್ಳದ ಬಿಳಿಯ ಮರಳು ಬಹುಮಟ್ಟಿಗೆ ಬೆಣಚುಕಲ್ಲಿನ ಪುಡಿ. ಅದು ನೀರಿಗಿಂತ ಸುಮಾರು 2.65 ಪಟ್ಟು ಭಾರ. ಅಯಸ್ಕಾಂತಕ್ಕೆ ಅಂಟುವ ಮ್ಯಾಗ್ನಟೈಟ್ ಎಂಬ ಕಬ್ಬಿಣದ ಅದಿರು ಐದು ಪಟ್ಟಿಗೂ ಹೆಚ್ಚು ಭಾರ. ಮೊರದಲ್ಲಿ ರಾಗಿ ಕೇರುವಾಗ ಹೊಟ್ಟು ಹಾರಿ ಕಾಳು ಹಿಂದುಳಿಯುವಂತೆ, ಹರಿಯುವ ನೀರು ಹಗುರವಾದುದನ್ನು ಮುಂದಕ್ಕೆ ಒಯ್ದು ಭಾರವಾದುದನ್ನು ಹಿಂದೆ ಬಿಡುತ್ತದೆ. ಮರಳು ತೊಳೆದು ಚಿನ್ನದ ರೇಣು ಹುಡುಕುತ್ತಿದ್ದ ಜಲಗಾರರು ಮರಿಗೆಯಲ್ಲಿ ಮಾಡುತ್ತಿದ್ದುದೂ ಇದನ್ನೇ.

ಕಪ್ಪು ಗೆರೆಯಿಂದ ಅಯಸ್ಕಾಂತಕ್ಕೆ ಸಿಕ್ಕುವ ಕಣಗಳನ್ನೆಲ್ಲ ತೆಗೆದ ಮೇಲೂ ಚಿಟಿಕೆಯಷ್ಟು ಪುಡಿ ಉಳಿಯುತ್ತದೆ. ಹಳೆಯ ಕುಲುಮೆಯವರಿಗೆ ಅದು ಕಸ. ಇಂದಿನ ಭೂವಿಜ್ಞಾನಿಗೆ ಮಾತ್ರ ಅದರ ಮೇಲೆಯೇ ಕಣ್ಣು. ಅದರಲ್ಲಿ ಜಿರ್ಕಾನ್, ಗಾರ್ನೆಟ್ ಮುಂತಾದವುಗಳ ಜೊತೆಗೆ ಒಮ್ಮೊಮ್ಮೆ ಜೇನಿನ ಬಣ್ಣದ ಮೊನಜೈಟ್ ಕಣಗಳೂ ಇರುವುದುಂಟು.

ಮೊನಜೈಟ್ ಭಾರತದಲ್ಲಿ ಪತ್ತೆಯಾದ ಬಗೆ ಸ್ವಾರಸ್ಯವಾಗಿದೆ. 1909 ರಲ್ಲಿ ಶಾಂಬರ್ಗ್ ಎಂಬ ಜರ್ಮನ್ ರಸಾಯನಶಾಸ್ತ್ರಜ್ಞನು ತಿರುವಾಂಕೂರಿನಿಂದ ಹೋದ ತೆಂಗಿನ ನಾರಿಗೆ ಅಂಟಿದ್ದ ಮರಳಿನಲ್ಲಿ ಹೊಳೆಯುವ ಕಣಗಳನ್ನು ಗಮನಿಸಿದನು. ಜಾಡು ಹಿಡಿದು ಹೊರಟವನಿಗೆ ಮನವಲಕುರಿಚಿಯ ಕಡಲ ತೀರದಲ್ಲಿ ಮೊನಜೈಟಿನ ರಾಶಿಯೇ ಸಿಕ್ಕಿತು. ನಾರನ್ನು ಹೊಸೆದವರು, ಮಾರಿದವರು, ಹಡಗಿಗೆ ತುಂಬಿದವರು ಯಾರೂ ಆ ಮರಳನ್ನು ಎರಡನೆಯ ಬಾರಿ ನೋಡಿರಲಿಲ್ಲ! ವಿದ್ಯುತ್ತು ಬರುವ ಮುನ್ನ ಮದುವೆಯ ಮೆರವಣಿಗೆಗೆ, ಬಯಲಾಟಕ್ಕೆ ಬೆಳಕು ಕೊಡುತ್ತಿದ್ದ ಗ್ಯಾಸ್ ಲೈಟಿನ ಬಲೆಯನ್ನು ಮಾಡಲು ಮೊನಜೈಟಿನಲ್ಲಿರುವ ಥೋರಿಯಂ ಮತ್ತು ಅಲ್ಪ ಪ್ರಮಾಣದ ಸೀರಿಯಂ ಬೇಕಾಗಿದ್ದವು. ಈ ಸೀರಿಯಂ ‘ವಿರಳ ಭಸ್ಮ ಧಾತು’ಗಳಲ್ಲಿ ಒಂದು.

ವಿರಳ ಭಸ್ಮ ಧಾತುಗಳು ಒಟ್ಟು 17. ನೀರಿನಲ್ಲಿ ಕರಗದ, ಬೆಂಕಿಗೆ ಬಗ್ಗದ ಆಕ್ಸೈಡುಗಳನ್ನು ಹಿಂದಿನ ರಸಾಯನಶಾಸ್ತ್ರಜ್ಞರು ‘ಮಣ್ಣು’ ಎಂಬರ್ಥದ ಮಾತಿನಿಂದ ಕರೆಯುತ್ತಿದ್ದರು. ಕನ್ನಡದಲ್ಲಿ ಅದು ಭಸ್ಮವಾಯಿತು. 1787 ರಲ್ಲಿ ಸ್ವೀಡನ್ನಿನ ಇಟ್ಟರ್ಬಿ ಎಂಬ ಹಳ್ಳಿಯ ಕಲ್ಲುಗಣಿಯಲ್ಲಿ ದೊರೆತ ಕರಿಯ ಕಲ್ಲೊಂದರಿಂದ ಇವುಗಳ ಕಥೆ ಮೊದಲಾಗುತ್ತದೆ. ಇಟ್ರಿಯಂ, ಟರ್ಬಿಯಂ, ಅರ್ಬಿಯಂ, ಇಟ್ಟರ್ಬಿಯಂ ಎಂಬ ನಾಲ್ಕು ಧಾತುಗಳಿಗೆ ಆ ಒಂದು ಹಳ್ಳಿಯ ಹೆಸರೇ ಮೂಲ. ವಿರಳ ಎಂಬ ವಿಶೇಷಣವಾದರೋ ಅಷ್ಟಾಗಿ ಒಪ್ಪುವುದಿಲ್ಲ. ಭೂಮಿಯ ಹೊರಪದರದಲ್ಲಿ ಸೀರಿಯಂ ಹೆಚ್ಚುಕಡಿಮೆ ತಾಮ್ರದಷ್ಟೇ ಇದೆ. ಆದರೆ ಅದು ಎಲ್ಲೆಲ್ಲೂ ಚೂರುಚೂರಾಗಿ ಹರಡಿಕೊಂಡಿದೆ. ಒಂದೆಡೆ ಗುಡ್ಡೆಯಾಗಿ ಸಿಗುವುದು ಅಪರೂಪ. ಸಿಕ್ಕರೂ ಈ ಧಾತುಗಳೆಲ್ಲ ಗುಣದಲ್ಲಿ ಅವಳಿಜವಳಿಗಳಂತಿರುವುದರಿಂದ ಒಂದನ್ನೊಂದರಿಂದ ಬಿಡಿಸುವುದು ಬಲು ಪ್ರಯಾಸದ ಕೆಲಸ.

ಇಷ್ಟು ಪ್ರಯಾಸ ಏಕೆಂದರೆ, ನಿಯೋಡಿಮಿಯಂ ಬೆರೆಸಿದ ಅಯಸ್ಕಾಂತವು ಗಾತ್ರದಲ್ಲಿ ಕಿರಿದು, ಬಲದಲ್ಲಿ ಹಿರಿದು. ದೂರವಾಣಿಯ ಪುಟ್ಟ ಧ್ವನಿವರ್ಧಕದಿಂದ ಹಿಡಿದು ವಿದ್ಯುತ್ ಸ್ಕೂಟರಿನ ಮೋಟಾರು, ಗಾಳಿಯಂತ್ರದವರೆಗೆ ಅದು ಬೇಕು. ಈ ಧಾತುಗಳ ಶುದ್ಧೀಕರಣವು ಬಹುಪಾಲು ಚೀನ ದೇಶದ ಕೈಯಲ್ಲಿದೆ. 2025 ರ ಏಪ್ರಿಲ್ ತಿಂಗಳಲ್ಲಿ ಆ ದೇಶವು ಇವುಗಳಲ್ಲಿ ಏಳು ಧಾತುಗಳ ರಫ್ತಿಗೆ ಕಟ್ಟುಪಾಡು ವಿಧಿಸಿದಾಗ ಬೇರೆ ಬೇರೆ ದೇಶಗಳ ವಾಹನ ಕಾರ್ಖಾನೆಗಳು ಅಯಸ್ಕಾಂತಕ್ಕಾಗಿ ಪರದಾಡಿದವು. ಅದೇ ವರ್ಷದ ಜನವರಿಯಲ್ಲಿ ಭಾರತ ಸರ್ಕಾರವು ಇಂಥ ಅತ್ಯಗತ್ಯ ಖನಿಜಗಳ ಶೋಧಕ್ಕೆಂದು ರಾಷ್ಟ್ರೀಯ ಯೋಜನೆಯೊಂದಕ್ಕೆ ಒಪ್ಪಿಗೆ ನೀಡಿತ್ತು.

ಶೋಧ ನಡೆಯುವ ಕ್ರಮವನ್ನು ಅರಿಯಲು ಶಿಂಷಾ ನದಿಯ ಹಾದಿಯಷ್ಟು ಒಳ್ಳೆಯ ಉದಾಹರಣೆ ಮತ್ತೊಂದಿಲ್ಲ. ತುಮಕೂರು ನಗರದ ಪೂರ್ವಕ್ಕಿರುವ ದೇವರಾಯನದುರ್ಗದ ಬೆಟ್ಟಗಳಲ್ಲಿ ಹುಟ್ಟುವ ಈ ನದಿ ಗುಬ್ಬಿ ತಾಲ್ಲೂಕಿನ ಕಡಬದ ಕೆರೆಯನ್ನು ತುಂಬಿ, ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿ ಜಲಾಶಯವನ್ನು ಹಾದು, ಮದ್ದೂರಿನ ಮಾರ್ಗವಾಗಿ ಕಾವೇರಿಯನ್ನು ಸೇರುತ್ತದೆ. ಅದು ಹುಟ್ಟುವ ಬೆಟ್ಟಗಳು ಕ್ಲೋಸ್‌ಪೇಟೆ ಗ್ರಾನೈಟ್ ಎಂಬ ಶಿಲೆಯವು. ಕ್ಲೋಸ್‌ಪೇಟೆ ಎಂಬುದು ರಾಮನಗರದ ಹಿಂದಿನ ಹೆಸರು. ಸಾವನದುರ್ಗ, ಶಿವಗಂಗೆ, ದೇವರಾಯನದುರ್ಗ, ಮಧುಗಿರಿ, ಪಾವಗಡ ಇವೆಲ್ಲ ಸುಮಾರು 250 ಕೋಟಿ ವರ್ಷಗಳ ಹಿಂದೆ ನೆಲದಾಳದಲ್ಲಿ ಕರಗಿ ಹೆಪ್ಪುಗಟ್ಟಿದ ಒಂದೇ ಶಿಲಾಪಟ್ಟಿಯ ಮಣಿಗಳು. ಮೈಸೂರಿನ ಹೆಸರಾಂತ ಭೂವಿಜ್ಞಾನಿ ಬಿ. ಪಿ. ರಾಧಾಕೃಷ್ಣ ಅವರು ಈ ಶಿಲೆಯನ್ನು ಕುರಿತೇ 1956 ರಲ್ಲಿ ಒಂದು ಗ್ರಂಥವನ್ನು ಪ್ರಕಟಿಸಿದರು. ಇದರಲ್ಲಿ ಜಿರ್ಕಾನ್, ಅಪಟೈಟ್, ವಿರಳ ಭಸ್ಮಗಳನ್ನು ಹೊತ್ತ ಅಲ್ಲನೈಟ್ ಮುಂತಾದ ಖನಿಜಗಳು ಸಾಸಿವೆಗಿಂತಲೂ ಸಣ್ಣ ಕಣಗಳಾಗಿ ಹುದುಗಿವೆ.

ಗುಬ್ಬಿಯ ಪಶ್ಚಿಮಕ್ಕೆ ಸಾಗಿದರೆ ನೆಲದ ಬಣ್ಣವೇ ಬೇರೆ. ಗದಗದಿಂದ ಚಿತ್ರದುರ್ಗ, ಚಿಕ್ಕನಾಯಕನಹಳ್ಳಿಗಳ ಮೂಲಕ ಶ್ರೀರಂಗಪಟ್ಟಣದತ್ತ ಇಳಿಯುವ ಪದರುಶಿಲೆಗಳ ಪಟ್ಟಿ ಅಲ್ಲಿ ಹಾಯುತ್ತದೆ. ಕಬ್ಬಿಣ, ಮ್ಯಾಂಗನೀಸ್, ಸುಣ್ಣಕಲ್ಲುಗಳು ಅಲ್ಲಿ ದೊರೆಯುತ್ತವೆ. ಜಿಲ್ಲೆಯ ವಾಯವ್ಯದಲ್ಲಿ ಅಜ್ಜನಹಳ್ಳಿ, ಬೆಳ್ಳಾರಗಳ ಬಳಿ ಪ್ರಾಚೀನರು ಚಿನ್ನಕ್ಕಾಗಿ ತೋಡಿದ ಗುಂಡಿಗಳಿವೆ. ಇಂಥ ಶಿಲೆಗಳಿಗೆ 1880 ರ ದಶಕದಲ್ಲಿ ‘ಧಾರವಾಡ ಶಿಲೆಗಳು’ ಎಂದು ಹೆಸರಿಟ್ಟವನು ರಾಬರ್ಟ್ ಬ್ರೂಸ್ ಫೂಟ್. 1894 ರಲ್ಲಿ ಮೈಸೂರು ಸಂಸ್ಥಾನವು ಭೂವಿಜ್ಞಾನ ಇಲಾಖೆಯನ್ನು ತೆರೆದಾಗ ಅದಕ್ಕೆ ಅಡಿಪಾಯ ಹಾಕಿದವನೂ ಅವನೇ. ಆಗ ಅವನಿಗೆ ಅರವತ್ತು ವರ್ಷ. ಆ ಕಾಲದ ಭೂವಿಜ್ಞಾನಿಗಳು ಕುದುರೆಯ ಮೇಲೆ, ಎತ್ತಿನ ಗಾಡಿಯಲ್ಲಿ, ಬಹಳವಾಗಿ ಕಾಲ್ನಡಿಗೆಯಲ್ಲಿ ಊರೂರು ಅಲೆದು ನಕಾಶೆಗಳನ್ನು ಬರೆದರು. ಸುತ್ತಿಗೆ, ದಿಕ್ಸೂಚಿ, ಭೂತಗನ್ನಡಿ ಇವೇ ಅವರ ಆಯುಧಗಳು.

ಆಯುಧಗಳು ಇಂದು ಹೆಚ್ಚಿವೆ. ನಡಿಗೆ ಮಾತ್ರ ತಪ್ಪಿಲ್ಲ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆಯು 2001 ರಿಂದ ದೇಶದ ನೆಲದ ರಾಸಾಯನಿಕ ನಕಾಶೆಯನ್ನು ಸಿದ್ಧಪಡಿಸುತ್ತ ಬಂದಿದೆ. ಅದಕ್ಕಾಗಿ ನೆಲವನ್ನು ಎರಡು ಕಿಲೋಮೀಟರ್ ಉದ್ದಗಲದ ಚೌಕಗಳಾಗಿ ವಿಂಗಡಿಸಿ, ಒಂದೊಂದು ಚೌಕದ ತೊರೆಗಳಿಂದ ಹೂಳನ್ನು ತೆಗೆಯುತ್ತಾರೆ. ದೊಡ್ಡ ನದಿಗಿಂತ ಚಿಕ್ಕ ತೊರೆಯೇ ಮೇಲು. ಮಾರ್ಕೋನಹಳ್ಳಿಯ ಹೂಳಿನಲ್ಲಿ ಹತ್ತೂರಿನ ಮಣ್ಣು ಬೆರೆತಿರುತ್ತದೆ. ಆದರೆ ಗುಡ್ಡದ ಬುಡದ ತೊರೆಯು ತನ್ನ ಗುಡ್ಡವೊಂದರ ಸುದ್ದಿಯನ್ನೇ ಹೇಳುತ್ತದೆ. ಹೂಳನ್ನು ಒಣಗಿಸಿ, ಜರಡಿ ಹಿಡಿದು, ಪ್ರಯೋಗಾಲಯದಲ್ಲಿ ಅರವತ್ತಕ್ಕೂ ಹೆಚ್ಚು ಧಾತುಗಳಿಗಾಗಿ ಪರೀಕ್ಷಿಸುತ್ತಾರೆ. ಹತ್ತು ಚೌಕಗಳಲ್ಲಿ ಸಾಮಾನ್ಯವಾಗಿದ್ದ ಅಂಕಿ ಹನ್ನೊಂದನೆಯದರಲ್ಲಿ ಥಟ್ಟನೆ ಏರಿದರೆ ಆ ತೊರೆಯನ್ನು ಹಿಡಿದು ಮೇಲಕ್ಕೆ ನಡೆಯುತ್ತಾರೆ. ಕವಲೊಡೆದ ಕಡೆ ಎರಡು ಕವಲುಗಳಿಂದಲೂ ಹೂಳು ತೆಗೆಯುತ್ತಾರೆ. ಯಾವ ಕವಲಿನಲ್ಲಿ ಅಂಕಿ ಉಳಿಯಿತೋ ಅತ್ತ ಹೆಜ್ಜೆ. ಒಂದು ಹಂತದಲ್ಲಿ ಅಂಕಿ ಏಕಾಏಕಿ ಬಿದ್ದುಹೋಗುತ್ತದೆ. ಆಗ ಮೂಲಶಿಲೆಯನ್ನು ದಾಟಿ ಬಂದಂತಾಯಿತು. ಹಿಂದಿರುಗಿ ಎರಡು ದಡಗಳ ಇಳಿಜಾರನ್ನು ಶೋಧಿಸಬೇಕು. ಮೊನಜೈಟಿನಲ್ಲಿ ಥೋರಿಯಂ ಇರುವುದರಿಂದ ಅದು ವಿಕಿರಣವನ್ನು ಸೂಸುತ್ತದೆ. ಕೈಯಲ್ಲಿ ಹಿಡಿಯುವ ವಿಕಿರಣಮಾಪಕವು ಇಲ್ಲಿ ಬೇಟೆಗಾರನ ನಾಯಿಯಂತೆ ನೆರವಾಗುತ್ತದೆ.

ಆಮೇಲೆ ಕಂದಕ ತೋಡುವುದು, ಕೊರೆಯುವುದು. ವಜ್ರದ ಹರಳುಗಳನ್ನು ಕೂರಿಸಿದ ಕೊಳವೆಯು ನೆಲಕ್ಕಿಳಿದು ಶಿಲೆಯನ್ನು ಕಬ್ಬಿನ ಜಲ್ಲೆಯಂತೆ ಉದ್ದಕ್ಕೆ ಕತ್ತರಿಸಿ ತರುತ್ತದೆ. ಅದನ್ನು ಆಳದ ಗುರುತು ಹಾಕಿ ಪೆಟ್ಟಿಗೆಗಳಲ್ಲಿ ಜೋಡಿಸಿಡುತ್ತಾರೆ. ಒಂದು ಕೊರೆಗುಂಡಿಯಲ್ಲಿ ಅದಿರು ಸಿಕ್ಕಿದೊಡನೆ ನಿಕ್ಷೇಪ ಸಿಕ್ಕಿತೆಂದಲ್ಲ. ಅದರ ಅಗಲವೆಷ್ಟು, ಆಳವೆಷ್ಟು, ತೆಗೆಯುವ ಖರ್ಚನ್ನು ಅದು ಹೊರಬಲ್ಲುದೇ ಎಂಬ ಲೆಕ್ಕವೆಲ್ಲ ಕೂಡಿಬರಬೇಕು. ಕುಣಿಗಲ್ಲಿನ ದಕ್ಷಿಣಕ್ಕೆ, ಮಂಡ್ಯ ಜಿಲ್ಲೆಯ ಮರ್ಲಗಲ್ಲ–ಅಲ್ಲಾಪಟ್ಟಣ ಪ್ರದೇಶದಲ್ಲಿ ಲಿಥಿಯಂ ಇರುವುದು ಬೆಳಕಿಗೆ ಬಂದಾಗ 2020 ರಲ್ಲಿ ಅದರ ಪ್ರಮಾಣ 14,100 ಟನ್ ಇರಬಹುದೆಂಬ ಸುದ್ದಿ ಪತ್ರಿಕೆಗಳಲ್ಲಿ ಮೆರೆಯಿತು. ಪರಮಾಣು ಖನಿಜ ನಿರ್ದೇಶನಾಲಯವು ನೆಲವನ್ನು ಪರಿಶೀಲಿಸಿದ ಬಳಿಕ, 2021 ರಲ್ಲಿ ಪ್ರಕಟವಾದ ಅಂದಾಜು 1,600 ಟನ್. ಹುಡುಕುವವರಿಗೆ ಇದು ಸೋಲಲ್ಲ. ಎರಡನೆಯ ಅಂಕಿ ಮೊದಲನೆಯದಕ್ಕಿಂತ ಹೆಚ್ಚು ನಂಬಲರ್ಹವಾದುದು, ಅಷ್ಟೆ.

ಸಿಕ್ಕಿದ ಮೇಲೂ ತೊಡಕು ತೀರದು. ಸ್ವೀಡನ್ನಿನ ಉತ್ತರ ತುದಿಯಲ್ಲಿ, ಧ್ರುವವೃತ್ತದಿಂದಾಚೆಗೆ, ಕಿರುನಾ ಎಂಬ ಗಣಿಪಟ್ಟಣವಿದೆ. ಅಲ್ಲಿನ ಕಬ್ಬಿಣದ ಗಣಿಯ ಪಕ್ಕದಲ್ಲೇ ಹತ್ತು ಲಕ್ಷ ಟನ್ನಿಗೂ ಮಿಗಿಲಾದ ವಿರಳ ಭಸ್ಮ ಆಕ್ಸೈಡುಗಳಿವೆ ಎಂದು 2023 ರ ಜನವರಿಯಲ್ಲಿ ಪ್ರಕಟವಾಯಿತು. ಅದಿರು ಪೇಟೆಗೆ ಬರಲು ಹತ್ತು ಹದಿನೈದು ವರ್ಷ ಬೇಕೆಂದು ಗಣಿಯವರೇ ಹೇಳಿದರು. ಅಲ್ಲಿನ ಮೂಲನಿವಾಸಿಗಳಾದ ಸಾಮಿ ಜನರಿಗೆ ಹಿಮಸಾರಂಗದ ಸಾಕಣೆಯೇ ಬದುಕು. ಹೊಸ ಗಣಿಯಾದರೆ ಮಂದೆಗಳ ಹಾದಿ ಕಡಿದುಹೋಗುವುದೆಂಬುದು ಅವರ ಅಳಲು. ಗಣಿಯಿಂದಾಗಿ ನೆಲ ಕುಸಿಯುತ್ತಿರುವ ಕಾರಣ ಆ ಪಟ್ಟಣವನ್ನೇ ಪಕ್ಕಕ್ಕೆ ಸಾಗಿಸುತ್ತಿದ್ದಾರೆ. 2025 ರ ಆಗಸ್ಟಿನಲ್ಲಿ ಅಲ್ಲಿನ ಮರದ ಇಗರ್ಜಿಯನ್ನು ಇಡಿಯಾಗಿ ಬಂಡಿಯ ಮೇಲೇರಿಸಿ ಐದು ಕಿಲೋಮೀಟರ್ ದೂರಕ್ಕೆ ಒಯ್ದರು.

ತುಮಕೂರು ಜಿಲ್ಲೆಗೂ ಇದರ ಅನುಭವ ಇಲ್ಲದಿಲ್ಲ. ಅಕ್ರಮ ಗಣಿಗಾರಿಕೆಯಿಂದ ಪರಿಸರಕ್ಕೆ ಆದ ಹಾನಿಯನ್ನು ಕಂಡು ಸರ್ವೋಚ್ಚ ನ್ಯಾಯಾಲಯವು 2011 ರ ಆಗಸ್ಟಿನಲ್ಲಿ ತುಮಕೂರು, ಚಿತ್ರದುರ್ಗ ಜಿಲ್ಲೆಗಳ ಕಬ್ಬಿಣದ ಗಣಿಗಳನ್ನು ನಿಲ್ಲಿಸಿತು. 2013 ರಲ್ಲಿ ಷರತ್ತುಗಳನ್ನು ಹಾಕಿ, ವರ್ಷಕ್ಕೆ ಇಂತಿಷ್ಟೇ ಎಂಬ ಮಿತಿಯೊಂದಿಗೆ ಮತ್ತೆ ಅವಕಾಶ ಕೊಟ್ಟಿತು. ತೆಂಗಿನ ತೋಟ, ಕೆರೆಯ ಅಂಗಳಗಳ ನಾಡಿನಲ್ಲಿ ಗುಡ್ಡದ ಮೇಲಿನ ಕೆಂಪು ಮಣ್ಣು ಮಳೆಗೆ ಕೊಚ್ಚಿ ಬಂದರೆ ಅದು ಬಂದು ನಿಲ್ಲುವುದು ಕೆರೆಯ ತಳದಲ್ಲಿ. ಅದಿರಿನ ಸುದ್ದಿ ತರುವ ಹಳ್ಳವೇ ಗಣಿಯ ಹೂಳನ್ನೂ ತರುತ್ತದೆ.

ತೊರೆಯ ಹೂಳಿನಿಂದ ಬರೆದ ನಕಾಶೆಗೆ ಇನ್ನೊಂದು ಪ್ರಯೋಜನವುಂಟು. ಗಣಿಯ ಮಾತಿನ ಗದ್ದಲದಲ್ಲಿ ಅದು ಮರೆತುಹೋಗುತ್ತದೆ. ಪರೀಕ್ಷೆಗೊಳಗಾಗುವ ಧಾತುಗಳಲ್ಲಿ ಫ್ಲೂರಿನ್ ಕೂಡ ಒಂದು. ಗ್ರಾನೈಟಿನ ಅಪಟೈಟ್, ಕಾಗೆಬಂಗಾರದಂಥ ಖನಿಜಗಳಲ್ಲಿ ಅಡಗಿರುವ ಇದು ಅಂತರ್ಜಲದಲ್ಲಿ ಕರಗಿ ಫ್ಲೋರೈಡ್ ಆಗುತ್ತದೆ. ಒಂದು ಲೀಟರ್ ನೀರಿನಲ್ಲಿ ಅದು 1.5 ಮಿಲಿಗ್ರಾಂ ಮೀರಿದರೆ ಕುಡಿಯಲು ತಕ್ಕುದಲ್ಲ. ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದವರ ಹಲ್ಲಿನ ಮೇಲೆ ಕಂದು ಕಲೆಗಳು ಮೂಡುತ್ತವೆ, ಮೂಳೆಗಳು ಬಿಗಿದು ಬೆನ್ನು ಬಾಗುತ್ತದೆ. ಪಾವಗಡದ ಹಲವಾರು ಹಳ್ಳಿಗಳು ಈ ಬಾಧೆಯನ್ನು ಬಹುಕಾಲದಿಂದ ಉಂಡಿವೆ. ಯಾವ ಚೌಕದ ಹೂಳಿನಲ್ಲಿ ಫ್ಲೂರಿನ್ನಿನ ಅಂಕಿ ಏರಿದೆಯೋ ಅಲ್ಲಿ ಕೊಳವೆಬಾವಿ ತೋಡುವ ಮುನ್ನ ನೀರನ್ನು ಪರೀಕ್ಷಿಸಬೇಕೆಂಬುದು ಆ ನಕಾಶೆಯನ್ನು ನೋಡಿದೊಡನೆ ತಿಳಿಯುತ್ತದೆ.