ರಾಕ್ ಸಂಗೀತ ಕಾರ್ಯಕ್ರಮಗಳು: ಹೆದರುವ ಮೊದಲು ತಿಳಿಯೋಣ

ನಮ್ಮ ಧರ್ಮಕೇಂದ್ರಗಳ ಯುವಕ ಯುವತಿಯರು ವಿದ್ಯಾಭ್ಯಾಸಕ್ಕೆಂದೋ ಉದ್ಯೋಗಕ್ಕೆಂದೋ ಬೆಂಗಳೂರು ಸೇರುತ್ತಾರೆ. ಶನಿವಾರ ರಾತ್ರಿ ಮನೆಯಿಂದ ಕರೆ ಮಾಡಿದರೆ ಎತ್ತುವುದಿಲ್ಲ. ಭಾನುವಾರ ಕೇಳಿದರೆ "ಶೋಗೆ ಹೋಗಿದ್ದೆ" ಎಂಬ ಉತ್ತರ ಬರುತ್ತದೆ. ಯಾವ ಶೋ, ಯಾರ ಶೋ ಎಂದು ಕೇಳಿದರೆ ನಾವು ಕೇಳಿರದ ವಾದ್ಯವೃಂದವೊಂದರ ಹೆಸರು. ಮುಂದಿನ ತಿಂಗಳು ಯಾರು ಎಲ್ಲಿ ನುಡಿಸುತ್ತಾರೆ, ಟಿಕೆಟ್ ಯಾವಾಗ ಸಿಗುತ್ತದೆ ಎಂಬುದೆಲ್ಲ ಅವರಿಗೆ ಬಾಯಿಪಾಠ. ಹೆತ್ತವರು ಗಾಬರಿಯಾಗುತ್ತಾರೆ, ಕೆಲವರು ನಮ್ಮ ಬಳಿ ಬಂದು ಇದು ಒಳ್ಳೆಯದೋ ಕೆಟ್ಟದ್ದೋ ಎಂದು ಕೇಳುತ್ತಾರೆ. ಒಂದೇ ಮಾತಿನಲ್ಲಿ ಉತ್ತರಿಸುವ ಪ್ರಶ್ನೆ ಇದಲ್ಲ. ಮೊದಲು ವಿಷಯವನ್ನು ತಿಳಿಯೋಣ.

ಬಂಡೆಯೂ ರಾಕ್, ಸಂಗೀತವೂ ರಾಕ್

ರಾಕ್ ಎಂದರೆ ಬಂಡೆ ಎಂದು ಶಾಲೆಯಲ್ಲಿ ಕಲಿತಿದ್ದೇವೆ. ಆದರೆ ಸಂಗೀತದ ರಾಕ್ ಬಂಡೆಯಿಂದ ಬಂದದ್ದಲ್ಲ. ಓಲಾಡು, ತೂಗಾಡು ಎಂಬ ಅರ್ಥದ ಕ್ರಿಯಾಪದದಿಂದ ಬಂದದ್ದು. ಆದರೂ ಬಂಡೆಯ ನೆನಪು ಮಾಡಿಕೊಳ್ಳಲು ಒಂದು ಕಾರಣವಿದೆ.

ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ತಾಲೂಕಿನಲ್ಲಿ ಬ್ರಹ್ಮಗಿರಿ ಎಂಬ ಬೆಟ್ಟವಿದೆ. 1892ರಲ್ಲಿ ಬಿ.ಎಲ್. ರೈಸ್ ಅವರು ಅಲ್ಲಿಯೂ, ಸಮೀಪದ ಸಿದ್ದಾಪುರ ಮತ್ತು ಜಟಿಂಗ ರಾಮೇಶ್ವರಗಳಲ್ಲಿಯೂ ಅಶೋಕನ ಶಾಸನಗಳನ್ನು ಪತ್ತೆ ಹಚ್ಚಿದರು. ಕ್ರಿಸ್ತಪೂರ್ವ 3ನೇ ಶತಮಾನದ ಈ ಬರಹ ಇಸಿಲ ಎಂಬ ಊರಿನ ಅಧಿಕಾರಿಗಳ ಆರೋಗ್ಯ ವಿಚಾರಿಸುತ್ತಾ ಆರಂಭವಾಗುತ್ತದೆ. ತಂದೆತಾಯಿಯರ ಮಾತು ಕೇಳಬೇಕು, ಜೀವಿಗಳಲ್ಲಿ ದಯೆ ಇರಬೇಕು, ಸತ್ಯ ನುಡಿಯಬೇಕು, ಗುರುವನ್ನು ಗೌರವಿಸಬೇಕು ಎಂಬುದು ಅದರ ತಿರುಳು. ವಿಶೇಷವೆಂದರೆ ಈ ಶಾಸನ ತನ್ನನ್ನು 'ಸಾವಣ' ಎಂದು ಕರೆದುಕೊಳ್ಳುತ್ತದೆ. ಶ್ರವಣ ಎಂಬ ಪದದ ಬಂಧು ಅದು. ಅಂದರೆ ಕೇಳಿಸುವ ಮಾತು. ಓದಲು ಬಾರದ ಜನರು ಎದುರಿಗೆ ಸೇರಿದಾಗಲೇ ಕಲ್ಲಿನ ಬರಹಕ್ಕೆ ಜೀವ ಬರುತ್ತಿತ್ತು.

ಬ್ರಹ್ಮಗಿರಿಯಲ್ಲಿ 1947ರಲ್ಲಿ ಮಾರ್ಟಿಮರ್ ವ್ಹೀಲರ್ ಉತ್ಖನನ ನಡೆಸಿದಾಗ ಅಶೋಕನಿಗಿಂತಲೂ ಹಿಂದಿನ, ನಯಗೊಳಿಸಿದ ಕಲ್ಲಿನ ಕೊಡಲಿಗಳ ಕಾಲದ ಜನವಸತಿ ಕಂಡುಬಂತು. ಅಂಥದೇ ನವಶಿಲಾಯುಗದ ನೆಲೆ ಅಲ್ಲಿಂದ ಉತ್ತರಕ್ಕೆ, ಬಳ್ಳಾರಿ ಬಳಿಯ ಸಂಗನಕಲ್ಲು ಮತ್ತು ಕಪ್ಪಗಲ್ಲು ಬೆಟ್ಟಗಳಲ್ಲಿದೆ. ಅಲ್ಲಿನ ಕರಿಕಲ್ಲಿನ ಕೆಲವು ಬಂಡೆಗಳನ್ನು ಮತ್ತೊಂದು ಕಲ್ಲಿನಿಂದ ಬಡಿದರೆ ಗಂಟೆಯಂತೆ ನಾದ ಹೊರಡುತ್ತದೆ. ಹಾಗೆ ಬಡಿದು ಬಡಿದು ಉಂಟಾದ ಕುಳಿಗಳು ಇಂದಿಗೂ ಕಾಣುತ್ತವೆ. ವಿದ್ವಾಂಸೆ ನಿಕೋಲ್ ಬೊಯ್ವಿನ್ 2004ರಲ್ಲಿ ಈ ಕುರಿತು ಬರೆದ ಮೇಲೆ ಲೋಕದ ಗಮನ ಅತ್ತ ಹರಿಯಿತು. ಬಂಡೆಯ ಸುತ್ತ ಸೇರಿ ನಾದ ಕೇಳುವುದು ನಮ್ಮ ನಾಡಿಗೆ ಹೊರಗಿನಿಂದ ಬಂದ ಚಟವೇನಲ್ಲ.

'ಇಂಡಿ' ಎಂದರೇನು?

ಯುವಜನರ ಬಾಯಲ್ಲಿ ಇಂದು 'ಇಂಡಿ' ಎಂಬ ಪದ ಓಡಾಡುತ್ತಿದೆ. ಇಂಡಿಪೆಂಡೆಂಟ್ ಎಂಬುದರ ಮೊಟಕು ರೂಪ ಅದು. ಸಿನಿಮಾದ ಆಶ್ರಯವಿಲ್ಲದೆ, ದೊಡ್ಡ ಧ್ವನಿಮುದ್ರಣ ಕಂಪನಿಯ ಬೆಂಬಲವಿಲ್ಲದೆ, ತಾವೇ ಹಾಡು ಕಟ್ಟಿ, ತಾವೇ ಹಣ ಹಾಕಿ ಮುದ್ರಿಸಿ, ಊರೂರು ತಿರುಗಿ ನುಡಿಸುವವರು ಎಂದು ಅರ್ಥ. ಅವರು ಹೆಚ್ಚಾಗಿ ಗಿಟಾರ್, ಬೇಸ್, ಡ್ರಮ್ಸ್ ಬಳಸುತ್ತಾರೆ. ಹಾಡುಗಳು ಇಂಗ್ಲಿಷ್, ಕನ್ನಡ, ಹಿಂದಿ ಯಾವ ಭಾಷೆಯಲ್ಲೂ ಇರಬಹುದು.

ಈ ಅರ್ಥದಲ್ಲಿ ನೋಡಿದರೆ ಚಳ್ಳಕೆರೆ ಸೀಮೆ ದೊಡ್ಡ ಸ್ವತಂತ್ರ ಗಾಯಕಿಯೊಬ್ಬರನ್ನು ಕಂಡಿದೆ. ಯಲಗಟ್ಟೆ ಗೊಲ್ಲರಹಟ್ಟಿಯ ದಿವಂಗತ ಸಿರಿಯಜ್ಜಿ ಅಕ್ಷರ ಕಲಿತವರಲ್ಲ. ಆದರೆ ಸಾವಿರಾರು ಹಾಡುಗಳು ಅವರ ನೆನಪಿನಲ್ಲಿದ್ದವು. ಕೃಷ್ಣಮೂರ್ತಿ ಹನೂರರು ಅವರ ಬಳಿ ಕುಳಿತು ಆ ಹಾಡುಗಳನ್ನು ಸಂಗ್ರಹಿಸಿದರು. ಕೇಳುವವರೊಬ್ಬರು ಅಷ್ಟು ದೂರ ಹೋಗಿ ಕುಳಿತರು, ಆದುದರಿಂದ ಆ ಹಾಡುಗಳು ಉಳಿದವು.

ಬೆಂಗಳೂರಿನ ಕಥೆ

ಕರ್ನಾಟಕದಲ್ಲಿ ರಾಕ್ ಸಂಗೀತದ ತವರು ಬೆಂಗಳೂರು. ಆರಂಭದ ದಶಕಗಳಲ್ಲಿ ಇಲ್ಲಿನ ವಾದ್ಯವೃಂದಗಳು ಹೆಚ್ಚಾಗಿ ವಿದೇಶಿ ಹಾಡುಗಳನ್ನೇ ನುಡಿಸುತ್ತಿದ್ದವು, ಕಾಲೇಜು ಉತ್ಸವಗಳಲ್ಲಿ ಸಭಿಕರೂ ಅದನ್ನೇ ಕೇಳುತ್ತಿದ್ದರು. ಸ್ವಂತ ಹಾಡು ಹಾಡುತ್ತೇನೆ ಎಂದವರಿಗೆ ವೇದಿಕೆ ಸಿಗುವುದು ಕಷ್ಟವಿತ್ತು. 1996ರಲ್ಲಿ ಕ್ರೈಸ್ಟ್ ಕಾಲೇಜಿನ ವಿದ್ಯಾರ್ಥಿಗಳಿಂದ ಹುಟ್ಟಿದ 'ಥರ್ಮಲ್ ಅಂಡ್ ಎ ಕ್ವಾರ್ಟರ್' ತಂಡ ಸ್ವಂತ ಹಾಡುಗಳನ್ನೇ ಹಿಡಿದು ನಿಂತಿತು. ನಮ್ಮದೇ ಕ್ರೈಸ್ತ ವಿದ್ಯಾಸಂಸ್ಥೆಯೊಂದರ ಅಂಗಳದಲ್ಲಿ ಮೊಳೆತ ಗಿಡ ಇದು ಎಂಬುದನ್ನು ಮರೆಯಬಾರದು. ಅದೇ ದಶಕದಲ್ಲಿ ಸ್ವಾತಂತ್ರ್ಯೋತ್ಸವದ ಸಂದರ್ಭದಲ್ಲಿ 'ಫ್ರೀಡಂ ಜಾಮ್' ಎಂಬ ಟಿಕೆಟ್ ಇಲ್ಲದ ಸಂಗೀತ ಕೂಟವೂ ಆರಂಭವಾಗಿ, ಹೊಸ ತಂಡಗಳಿಗೆ ಮೊದಲ ಸಭಿಕರನ್ನು ಒದಗಿಸಿತು.

ಕನ್ನಡವೂ ಹಿಂದೆ ಉಳಿಯಲಿಲ್ಲ. ಮೈಸೂರಿನಲ್ಲಿ ಬೆಳೆದ ರಘು ದೀಕ್ಷಿತ್ ಅವರ 2008ರ ಮೊದಲ ಧ್ವನಿಸಂಪುಟದೊಂದಿಗೆ ಶಿಶುನಾಳ ಷರೀಫರ ತತ್ವಪದ ಗಿಟಾರ್ ಜೊತೆ ಹೊಸ ಪೀಳಿಗೆಯನ್ನು ತಲುಪಿತು. 2002ರಲ್ಲಿ ಬೆಂಗಳೂರಿನಲ್ಲಿ ರೂಪುಗೊಂಡ 'ಸ್ವರಾತ್ಮ' ತಂಡದ ಗಾಯಕ ವಾಸು ದೀಕ್ಷಿತ್, ನಮ್ಮ ಜಾತ್ರೆಯ ಕೀಲುಕುದುರೆಯನ್ನು ನೆನಪಿಸುವ ಕುದುರೆ ವೇಷ ತೊಟ್ಟು ವೇದಿಕೆಗೆ ಬಂದರು. ಅಜ್ಜಿಯ ಪದವನ್ನು ಮೊಮ್ಮಗ ಶೋದಲ್ಲಿ ಕೇಳಿ ಮನೆಗೆ ಮರಳಿ ತರುವ ಸಂದರ್ಭಗಳೂ ಹೀಗೆ ಹುಟ್ಟಿದವು.

ಇದರ ಜೊತೆಗೆ ಹೊರನಾಡಿನ ದೊಡ್ಡ ತಂಡಗಳೂ ಬಂದವು. ಅರಮನೆ ಮೈದಾನದಲ್ಲಿ 2003ರ ಏಪ್ರಿಲ್‌ನಲ್ಲಿ ರೋಲಿಂಗ್ ಸ್ಟೋನ್ಸ್, 2007ರ ಮಾರ್ಚ್ 17ರಂದು ಐರನ್ ಮೇಡನ್, 2011ರ ಅಕ್ಟೋಬರ್ 30ರಂದು ಮೆಟಾಲಿಕಾ ನುಡಿಸಿದವು. ಆದರೆ ದೊಡ್ಡ ಮೈದಾನದ ಶೋ ವರ್ಷಕ್ಕೊಮ್ಮೆ ಬರುವ ಜಾತ್ರೆ ಇದ್ದಂತೆ. ಸ್ಥಳೀಯ ತಂಡಗಳು ಬದುಕುವುದು ಇನ್ನೂರು ಮುನ್ನೂರು ಜನ ಸೇರುವ ಸಣ್ಣ ಸಭಾಂಗಣಗಳಲ್ಲಿ. ಅಂತರ್ಜಾಲದಲ್ಲಿ ಹಾಡು ಕೇಳಿದರೆ ಕಲಾವಿದನ ಕೈಗೆ ಬರುವುದು ಅಲ್ಪ. ಬಾಗಿಲಲ್ಲಿ ಟಿಕೆಟ್ ಕೊಂಡು ಒಳಗೆ ಬಂದವರೇ ಅವನ ಸಂಬಳ. ಕಾರ್ಯಕ್ರಮದ ಸುದ್ದಿಯನ್ನು ಯುವಜನರು ಅಷ್ಟು ಶ್ರದ್ಧೆಯಿಂದ ಹಿಂಬಾಲಿಸುವುದಕ್ಕೆ ಇದೂ ಒಂದು ಕಾರಣ. ತಾವು ಹೋಗದಿದ್ದರೆ ಮುಂದಿನ ಸಲ ಆ ಶೋ ಇರುವುದಿಲ್ಲ ಎಂಬುದು ಅವರಿಗೆ ಗೊತ್ತು.

ಹಾಡಲು ಜಾಗವೆಲ್ಲಿ?

ಇಲ್ಲಿಯೇ ಹೆತ್ತವರ ಚಿಂತೆಯೂ ಶುರುವಾಗುತ್ತದೆ. ಬೆಂಗಳೂರಿನಲ್ಲಿ ಇಂಥ ಕಾರ್ಯಕ್ರಮಗಳಲ್ಲಿ ಹಲವು ಮದ್ಯ ಮಾರುವ ಸ್ಥಳಗಳಲ್ಲೇ ನಡೆಯುತ್ತವೆ. "ಸಂಗೀತ ಬೇಕಾದರೆ ಅಲ್ಲಿಗೇ ಹೋಗಬೇಕೇ?" ಎಂದು ತಾಯಂದಿರು ಕೇಳುವುದು ನ್ಯಾಯವೇ. ಆದರೆ ಉತ್ತರ ಸರಳವಲ್ಲ. ಸಾರ್ವಜನಿಕ ಮನರಂಜನಾ ಸ್ಥಳಗಳಿಗೆ ಪರವಾನಗಿ ಕಡ್ಡಾಯಗೊಳಿಸುವ ಆದೇಶ ಬೆಂಗಳೂರು ನಗರಕ್ಕೆ 2005ರಲ್ಲಿ ಬಂತು. 2018ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಆ ವರ್ಷ ಪೊಲೀಸರು ಆದೇಶವನ್ನು ಬಿಗಿಯಾಗಿ ಜಾರಿಗೊಳಿಸಿದಾಗ ಹಲವೆಡೆ ವಾದ್ಯಗಳು ಮೌನವಾದವು. ಬೆಂಕಿ ಸುರಕ್ಷೆ, ಕಟ್ಟಡದ ಕಾಗದಪತ್ರಗಳನ್ನು ನೋಡುವುದು ಸರಿಯಾದ ಕ್ರಮವೇ. ಆದರೆ ಪೆಟ್ಟು ಬಿದ್ದದ್ದು ವಾರಾಂತ್ಯದ ಒಂದು ಶೋವನ್ನು ನಂಬಿದ್ದ ಗಾಯಕನಿಗೆ, ಡ್ರಮ್ಸ್ ನುಡಿಸುವವನಿಗೆ, ಧ್ವನಿವರ್ಧಕ ನಿಭಾಯಿಸುವ ಹುಡುಗನಿಗೆ. ಚೇತರಿಸಿಕೊಳ್ಳುವಷ್ಟರಲ್ಲಿ 2020ರ ಕೊರೊನಾ ಬಂತು.

ನಮ್ಮ ಕರಾವಳಿಯಲ್ಲಿ ಬೇರೊಂದು ಮಾದರಿಯಿದೆ. ಮಂಗಳೂರಿನ ಮಾಂಡ್ ಸೊಭಾಣ್ ಸಂಸ್ಥೆ 2002ರಲ್ಲಿ ಆರಂಭಿಸಿದ ತಿಂಗಳ ವೇದಿಕೆ, ಶಕ್ತಿನಗರದ ಕಲಾಂಗಣದಲ್ಲಿ ಇನ್ನೂರಕ್ಕೂ ಹೆಚ್ಚು ಬಾರಿ ನಡೆದಿದೆ. ಅಲ್ಲಿಗೆ ಅಜ್ಜನೂ ಮೊಮ್ಮಗಳೂ ಒಟ್ಟಿಗೆ ಬರುತ್ತಾರೆ, ಬರಲು ಹೆದರಬೇಕಾದ್ದೇನೂ ಇಲ್ಲ. 2008ರ ಜನವರಿಯಲ್ಲಿ ಸತತ 40 ಗಂಟೆ ಕೊಂಕಣಿ ಹಾಡಿ ಗಿನ್ನೆಸ್ ದಾಖಲೆ ಮಾಡಿದ್ದೂ ಇದೇ ಸಂಸ್ಥೆ. ಆ ದಾಖಲೆ ಎಲ್ಲರಿಗೂ ನೆನಪಿದೆ, ಆದರೆ ಪ್ರತಿ ತಿಂಗಳು ತಪ್ಪದೆ ಕುರ್ಚಿ ಹಾಕಿ ದೀಪ ಹಚ್ಚಿದ್ದು ಅದಕ್ಕಿಂತ ದೊಡ್ಡ ಕೆಲಸವೆಂದು ನಮ್ಮ ಅಭಿಪ್ರಾಯ.

ಹೋಗುವವರು ತಿಳಿದಿರಬೇಕಾದದ್ದು

ಶೋಗೆ ಹೋಗುವ ಯುವಜನರೂ, ಅವರನ್ನು ಕಳುಹಿಸುವವರೂ ಈ ಕೆಲವು ಸಂಗತಿಗಳನ್ನು ಗಮನಿಸಬೇಕು.

ಮೊದಲನೆಯದು ಗುಂಪು. 2023ರ ನವೆಂಬರ್ 25ರಂದು ಕೊಚ್ಚಿಯ ಕುಸಾಟ್ ವಿಶ್ವವಿದ್ಯಾಲಯದಲ್ಲಿ ಸಂಗೀತ ಕಾರ್ಯಕ್ರಮಕ್ಕೆ ಮುನ್ನ ಉಂಟಾದ ನೂಕುನುಗ್ಗಲಿನಲ್ಲಿ ನಾಲ್ವರು ಸತ್ತರು. 2025ರ ಜೂನ್ 4ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ಕ್ರಿಕೆಟ್ ವಿಜಯೋತ್ಸವಕ್ಕೆ ಬಂದ ಜನಸಾಗರದಲ್ಲಿ 11 ಮಂದಿ ಪ್ರಾಣ ಕಳೆದುಕೊಂಡರು. ಈ ಎರಡೂ ಕಡೆ ಜನ ಸತ್ತದ್ದು ಒಳಗೆ ಹೋಗುವ ಬಾಗಿಲ ಬಳಿ ಎಂಬುದನ್ನು ಗಮನಿಸಿ. ಆದುದರಿಂದ ಬೇಗ ಹೋಗಿ, ಹೊರಬರುವ ದಾರಿ ಯಾವುದೆಂದು ನೋಡಿಕೊಳ್ಳಿ. ಉಸಿರು ಬಿಗಿಯುವಷ್ಟು ಒತ್ತಡ ಬರುವ ಮೊದಲೇ ಬದಿಗೆ ಸರಿಯಿರಿ. ಸಿಲುಕಿಕೊಂಡರೆ ಎರಡೂ ಕೈಗಳನ್ನು ಎದೆಯ ಮುಂದೆ ಮಡಚಿ ಹಿಡಿದು, ಶ್ವಾಸಕ್ಕೆ ಜಾಗ ಉಳಿಸಿಕೊಳ್ಳಿ. ಗುಂಪಿನ ವಿರುದ್ಧ ತಳ್ಳಬೇಡಿ.

ಎರಡನೆಯದು ಕಿವಿ. ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಸಂಗೀತ ಸ್ಥಳಗಳಿಗೆ ಮಾನದಂಡವೊಂದನ್ನು ಪ್ರಕಟಿಸಿದೆ. ಅದರಂತೆ ಸರಾಸರಿ ಶಬ್ದ 100 ಡೆಸಿಬಲ್ ಮೀರಬಾರದು, ಸಭಿಕರಿಗೆ ಕಿವಿರಕ್ಷಕ ಸಿಗಬೇಕು, ಕಿವಿಗೆ ವಿಶ್ರಾಂತಿ ಕೊಡಲು ಶಾಂತ ಜಾಗವೊಂದು ಇರಬೇಕು. ಶೋ ಮುಗಿದ ಮೇಲೆ ಕಿವಿಯಲ್ಲಿ ಗುಂಯ್ಗುಡುವುದು ಸಂಭ್ರಮದ ಗುರುತಲ್ಲ, ಕಿವಿ ಕೊಡುವ ಎಚ್ಚರಿಕೆ. ಒಳಕಿವಿಯ ಸೂಕ್ಷ್ಮ ರೋಮಕೋಶಗಳು ಒಮ್ಮೆ ಸತ್ತರೆ ಮತ್ತೆ ಬೆಳೆಯುವುದಿಲ್ಲ. ಸ್ಪೀಕರ್ ಎದುರಿಗೆ ನಿಲ್ಲಬೇಡಿ, ಔಷಧಿ ಅಂಗಡಿಯಲ್ಲಿ ಸಿಗುವ ಸ್ಪಂಜಿನ ಬಿರಡೆಯೊಂದನ್ನು ಜೇಬಿನಲ್ಲಿಟ್ಟುಕೊಳ್ಳಿ.

ಮೂರನೆಯದು ಟಿಕೆಟ್. ಆಯೋಜಕರು ತಿಳಿಸಿದ ಕಡೆಯಿಂದಲೇ ಕೊಳ್ಳಿ. "ನನ್ನ ಬಳಿ ಒಂದು ಹೆಚ್ಚಿದೆ" ಎಂದು ಅಪರಿಚಿತರು ಕಳುಹಿಸುವ ಚಿತ್ರವನ್ನು ನಂಬಿ ಹಣ ಹಾಕಬೇಡಿ.

ನಾಲ್ಕನೆಯದು ಎಲ್ಲಕ್ಕಿಂತ ಮುಖ್ಯವಾದದ್ದು. ಹೇಳಿ ಹೋಗಿ. ಆದರೆ ಮಕ್ಕಳು ಹೇಳಬೇಕಾದರೆ ಹೇಳಿಕೊಳ್ಳುವಂಥ ಮನೆಯಿರಬೇಕು. ಬೈಗುಳಕ್ಕೆ ಹೆದರಿ "ರೂಮಿನಲ್ಲೇ ಇದ್ದೇನೆ" ಎಂದ ಮಗ ಗುಂಪಿನಲ್ಲಿ ಸಿಲುಕಿದರೆ, ಟಿವಿಯಲ್ಲಿ ಆ ಸುದ್ದಿ ನೋಡುತ್ತಿರುವ ತಾಯಿ ನೆಮ್ಮದಿಯಿಂದ ಚಾನೆಲ್ ಬದಲಿಸುತ್ತಾಳೆ. ತನ್ನ ಮಗ ಅಲ್ಲಿದ್ದಾನೆಂದು ಅವಳಿಗೆ ಗೊತ್ತೇ ಇರುವುದಿಲ್ಲ. ಯಾವ ಶೋ, ಎಲ್ಲಿ, ಯಾರ ಜೊತೆ, ಹಿಂತಿರುಗುವುದು ಹೇಗೆ ಎಂಬ ನಾಲ್ಕು ಪ್ರಶ್ನೆಗಳನ್ನು ಕೋಪವಿಲ್ಲದೆ ಕೇಳುವ ಹೆತ್ತವರಿಗೆ ಉತ್ತರ ಸಿಗುತ್ತದೆ. ಸಾಧ್ಯವಾದರೆ ಒಮ್ಮೆ ಜೊತೆಯಲ್ಲೇ ಹೋಗಿ. ಹಿಂದಿನ ಸಾಲಿನಲ್ಲಿ ಕುಳಿತರೂ ಸಾಕು.

ನಮ್ಮ ಸಭಾಂಗಣಗಳ ಬೀಗ

ಕೊನೆಯದಾಗಿ ಧರ್ಮಕೇಂದ್ರಗಳ ಕಾರ್ಯಕರ್ತರಿಗೆ ಒಂದು ಮಾತು. ಮಕ್ಕಳು ಮದ್ಯದಂಗಡಿಯಲ್ಲಿ ಹಾಡು ಕೇಳುತ್ತಾರೆ ಎಂದು ನಾವು ದೂರುತ್ತೇವೆ. ಆದರೆ ನಮ್ಮಲ್ಲಿ ಎಷ್ಟೋ ಸಭಾಂಗಣಗಳು ಮದುವೆ, ವಾರ್ಷಿಕ ಹಬ್ಬ ಬಿಟ್ಟರೆ ಉಳಿದ ದಿನ ಬೀಗ ಹಾಕಿಕೊಂಡಿರುತ್ತವೆ. ಅದೇ ಧರ್ಮಕೇಂದ್ರದ ಗಾಯನ ಮಂಡಳಿಯಲ್ಲಿ ಗಿಟಾರ್ ಕಲಿತ ಹುಡುಗರು ಸ್ವಂತ ಹಾಡು ಕಟ್ಟಿ, ಕೇಳಿಸಲು ಜಾಗ ಹುಡುಕುತ್ತಿರುತ್ತಾರೆ. ಮೂರು ತಿಂಗಳಿಗೊಮ್ಮೆ ಒಂದು ಸಂಜೆ ಅವರಿಗೆ ಸಭಾಂಗಣ ಕೊಟ್ಟರೆ ನಾವು ಕಳೆದುಕೊಳ್ಳುವುದೇನು?

ಕೊಡುವುದಾದರೆ ಕ್ರಮವಾಗಿ ಕೊಡೋಣ. ಕುರ್ಚಿ ಎಷ್ಟಿವೆಯೋ ಅಷ್ಟೇ ಟಿಕೆಟ್ ಇರಲಿ. ಎಲ್ಲಾ ಬಾಗಿಲುಗಳ ಬೀಗ ತೆಗೆದಿರಲಿ, ಪ್ರತಿ ಬಾಗಿಲ ಬಳಿ ಒಬ್ಬ ಸ್ವಯಂಸೇವಕ ನಿಲ್ಲಲಿ. ಮಳೆ ಬಂದರೆ ಹೊರಗಿರುವವರು ಎಲ್ಲಿ ನಿಲ್ಲಬೇಕೆಂದು ಮೊದಲೇ ತೀರ್ಮಾನವಾಗಿರಲಿ. 2000ದ ಶಬ್ದಮಾಲಿನ್ಯ ನಿಯಮಗಳಂತೆ ರಾತ್ರಿ 10ರ ನಂತರ ಮುಚ್ಚಿದ ಸಭಾಂಗಣದ ಹೊರಗೆ ಧ್ವನಿವರ್ಧಕ ಬಳಸುವಂತಿಲ್ಲ, ನೆರೆಹೊರೆಯಲ್ಲಿ ರೋಗಿಗಳೂ ಪರೀಕ್ಷೆಗೆ ಓದುವ ಮಕ್ಕಳೂ ಇರುತ್ತಾರೆ. ಪೊಲೀಸ್ ಠಾಣೆಗೆ ಮುಂಚಿತವಾಗಿ ತಿಳಿಸಿ ಅನುಮತಿ ಪಡೆಯೋಣ. ಎಲ್ಲಕ್ಕಿಂತ ಮಿಗಿಲಾಗಿ, ನುಡಿಸಿದವರಿಗೆ ಸಂಭಾವನೆ ಕೊಡೋಣ. "ಸೇವೆ ಎಂದು ತಿಳಿದು ಮಾಡಿ" ಎಂದು ಕಲಾವಿದರಿಂದ ಬಿಟ್ಟಿ ಕೆಲಸ ಮಾಡಿಸಿಕೊಳ್ಳುವ ಅಭ್ಯಾಸ ನಮ್ಮಲ್ಲಿದೆ. ಸೌಂಡ್ ಸಿಸ್ಟಮ್‌ನವರಿಗೂ ಪೆಂಡಾಲಿನವರಿಗೂ ಹಣ ಎಣಿಸಿ ಕೊಟ್ಟು, ಹಾಡಿದವನಿಗೆ ಹಾರ ಮಾತ್ರ ಹಾಕಿ ಕಳುಹಿಸುವುದು ನ್ಯಾಯವಲ್ಲ.

ಬ್ರಹ್ಮಗಿರಿಯ ಬಂಡೆಯ ಮೇಲೆ ಅಕ್ಷರ ಕೊರೆದ ಚಪಡ ಎಂಬ ಲಿಪಿಕಾರ ಕೆಳಗೆ ತನ್ನ ಹೆಸರನ್ನೂ ಬರೆದಿದ್ದಾನೆ. ಬಂದು ನಿಂತು ಕೇಳಿದವರ ಹೆಸರು ಅಲ್ಲಿಲ್ಲ. ಆದರೆ ಅವರು ಬಾರದೆ ಹೋಗಿದ್ದರೆ ಅದು ಬರಿಯ ಕಲ್ಲು. ಮುಂದಿನ ಬಾರಿ ನಿಮ್ಮ ಧರ್ಮಕೇಂದ್ರದ ಹುಡುಗರು "ಒಂದು ಶೋ ಮಾಡಬಹುದೇ ಫಾದರ್?" ಎಂದು ಕೇಳಿದರೆ, ಬೇಡ ಎನ್ನುವ ಮೊದಲು ಅವರ ಒಂದು ಹಾಡನ್ನಾದರೂ ಕುಳಿತು ಕೇಳಿ.