ಕಡಲ ಮೇಲೊಂದು ಪಟ್ಟಣ

೨೦೦೯ರ ಅಕ್ಟೋಬರ್ ತಿಂಗಳು ಮುಗಿದು ನವೆಂಬರ್ ಕಾಲಿಡುತ್ತಿದ್ದ ನಡುರಾತ್ರಿಯಲ್ಲಿ, ಡೆನ್ಮಾರ್ಕ್ ದೇಶದ ಗ್ರೇಟ್ ಬೆಲ್ಟ್ ಜಲಸಂಧಿಯ ದಡದಲ್ಲಿ ನೂರಾರು ಜನರು ಕಾದು ನಿಂತಿದ್ದರು. ಫಿನ್ಲೆಂಡಿನ ತುರ್ಕು ಪಟ್ಟಣದಲ್ಲಿ ನಿರ್ಮಾಣಗೊಂಡ ಹೊಸ ಹಡಗೊಂದು ಬಾಲ್ಟಿಕ್ ಸಮುದ್ರವನ್ನು ಬಿಟ್ಟು ಅಟ್ಲಾಂಟಿಕ್ ಸಾಗರದತ್ತ ಹೊರಟಿತ್ತು. ಜಲಸಂಧಿಯ ಮೇಲಿರುವ ಸೇತುವೆಯು ನೀರಿನ ಮಟ್ಟದಿಂದ ೬೫ ಮೀಟರ್ ಎತ್ತರದಲ್ಲಿದೆ. ಹಡಗಿನ ಎತ್ತರವಾದರೋ ೭೨ ಮೀಟರ್! ಇದನ್ನು ಮೊದಲೇ ಬಲ್ಲ ಶಿಲ್ಪಿಗಳು ಅದರ ಹೊಗೆಕೊಳವೆಗಳನ್ನು ದೂರದರ್ಶಕದ ನಳಿಗೆಯಂತೆ ಒಂದರೊಳಗೊಂದು ಇಳಿಯುವ ಹಾಗೆ ರಚಿಸಿದ್ದರು. ಕೊಳವೆಗಳನ್ನು ಇಳಿಸಿದರೂ ಉಳಿಯುವ ಅಂತರವು ಅತ್ಯಲ್ಪವಾಗಿತ್ತು. ಆಗ ನಾವಿಕರು ಹಡಗಿನ ವೇಗವನ್ನು ತಗ್ಗಿಸುವುದರ ಬದಲು ಹೆಚ್ಚಿಸಿದರು. ಆಳವಿಲ್ಲದ ನೀರಿನಲ್ಲಿ ಭಾರಿ ಹಡಗು ವೇಗವಾಗಿ ಸಾಗಿದಾಗ ಅದರ ತಳದಡಿಯ ನೀರು ರಭಸದಿಂದ ಹಿಂದಕ್ಕೆ ಹರಿಯುತ್ತದೆ. ಅಲ್ಲಿ ಒತ್ತಡವು ತಗ್ಗಿ ಹಡಗು ತುಸು ಕೆಳಗೆ ಕುಸಿಯುತ್ತದೆ. ಹೀಗೆ ಸುಮಾರು ೩೦ ಸೆಂಟಿಮೀಟರಿನಷ್ಟು ಹೆಚ್ಚಿನ ಅವಕಾಶವನ್ನು ಪಡೆದುಕೊಂಡು, ಆ ನೌಕೆಯು ಸೇತುವೆಯ ಅಡಿಯಿಂದ ನುಸುಳಿ ಹೋಯಿತು.

ಆ ನೌಕೆಯ ಹೆಸರು ಓಯಸಿಸ್ ಆಫ್ ದಿ ಸೀಸ್. ಓಯಸಿಸ್ ಎಂದರೆ ಮರುಭೂಮಿಯ ನಡುವಣ ನೀರಿನ ತಾಣ. ಸುತ್ತಲೂ ನೀರೇ ಇರುವ ಕಡಲಿನಲ್ಲಿ ಇಂತಹ ಹೆಸರೇಕೆ ಎಂದು ಕೇಳಬಹುದು. ಆದರೆ ಕುಡಿಯಲು ಬಾರದ ನೀರಿನ ಮಟ್ಟಿಗೆ ಕಡಲೂ ಒಂದು ಮರುಭೂಮಿಯೇ ಅಲ್ಲವೆ? ಸರಕು ಸಾಗಿಸುವುದಾಗಲಿ ಜನರನ್ನು ಒಂದು ದೇಶದಿಂದ ಇನ್ನೊಂದಕ್ಕೆ ಮುಟ್ಟಿಸುವುದಾಗಲಿ ಈ ಹಡಗಿನ ಉದ್ದೇಶವಲ್ಲ. ಹೊರಟ ರೇವಿಗೇ ಮರಳಿ ಬರುವ ವಿಹಾರನೌಕೆ ಇದು. ಸೇರಬೇಕಾದ ಊರಿಗಿಂತ ಹಡಗೇ ಇಲ್ಲಿ ಮುಖ್ಯ.

ಇದರ ಉದ್ದ ಸುಮಾರು ೩೬೦ ಮೀಟರ್. ಕ್ರಿಕೆಟ್ ಆಟದ ಹದಿನೇಳು ಪಿಚ್ಚುಗಳನ್ನು ತುದಿಗೆ ತುದಿ ಜೋಡಿಸಿದರೂ ಇನ್ನೂ ಅಷ್ಟು ಜಾಗ ಉಳಿದೀತು. ೧೯೧೨ರಲ್ಲಿ ಮುಳುಗಿದ ಟೈಟಾನಿಕ್ ಹಡಗಿನ ಉದ್ದ ೨೬೯ ಮೀಟರ್. ಉದ್ದದಲ್ಲಿ ವ್ಯತ್ಯಾಸವು ಮೂರನೆಯ ಒಂದು ಪಾಲಿನಷ್ಟೇ ಎಂದು ತೋರುತ್ತದೆ. ಆದರೆ ಟೈಟಾನಿಕ್‌ನ ಒಟ್ಟು ಟನ್ನೇಜು ೪೬,೩೨೮. ನಿರ್ಮಾಣವಾದಾಗ ಓಯಸಿಸ್‌ನ ಟನ್ನೇಜು ೨,೨೫,೨೮೨. ಅಳೆಯುವ ಕ್ರಮವು ನಡುವೆ ಬದಲಾಗಿದ್ದರೂ, ಹಿಗ್ಗು ಹೆಚ್ಚು ಕಡಮೆ ಐದು ಪಟ್ಟು.

ಇಲ್ಲಿ ಅನೇಕರು ತಪ್ಪಿ ಬೀಳುವುದುಂಟು. ಒಟ್ಟು ಟನ್ನೇಜು ಎಂಬುದು ಹಡಗಿನ ತೂಕವಲ್ಲ, ಅದರೊಳಗಿನ ಸ್ಥಳದ ಅಳತೆ. ಹಿಂದೆ ಯುರೋಪಿನ ಹಡಗುಗಳು ಎಷ್ಟು ದ್ರಾಕ್ಷಾರಸದ ಪೀಪಾಯಿಗಳನ್ನು ಹೊರಬಲ್ಲವು ಎಂಬುದರ ಮೇಲೆ ಸುಂಕವನ್ನು ವಿಧಿಸುತ್ತಿದ್ದರು. ಆ ದೊಡ್ಡ ಪೀಪಾಯಿಯ ಹೆಸರಿನಿಂದಲೇ ಟನ್ ಎಂಬ ಮಾತು ಹುಟ್ಟಿತು. ಈಗಿನ ಸೂತ್ರದಂತೆ ಲೆಕ್ಕ ಹಾಕಿದರೆ ಓಯಸಿಸ್‌ನ ಒಳಗಿನ ಸ್ಥಳವು ಸುಮಾರು ಏಳು ಲಕ್ಷ ಘನಮೀಟರುಗಳಾಗುತ್ತದೆ. ಅದರ ನಿಜವಾದ ತೂಕ ಸುಮಾರು ಒಂದು ಲಕ್ಷ ಟನ್. ತೇಲುವ ವಸ್ತುವು ತನ್ನ ತೂಕದಷ್ಟೇ ನೀರನ್ನು ಸ್ಥಾನಪಲ್ಲಟಗೊಳಿಸುತ್ತದೆ ಎಂಬ ಆರ್ಕಿಮಿಡೀಸನ ನಿಯಮವನ್ನು ಇದಕ್ಕೆ ಅನ್ವಯಿಸಿದರೆ, ಹಡಗಿನ ಏಳರಲ್ಲಿ ಒಂದು ಪಾಲು ಮಾತ್ರ ನೀರಿನೊಳಗೆ, ಉಳಿದ ಆರು ಪಾಲು ಗಾಳಿಯಲ್ಲಿ ಎಂದಾಯಿತು. ನೀರಿನಡಿಯ ಆಳ ಒಂಬತ್ತು ಮೀಟರಿಗೆ ತುಸು ಹೆಚ್ಚು, ಅಷ್ಟೇ.

ಇಷ್ಟು ಎತ್ತರದ ಕಟ್ಟಡವು ಗಾಳಿಗೆ ಮಗುಚದೆ ನಿಲ್ಲುವುದು ಹೇಗೆ? ಮೊದಲನೆಯದಾಗಿ, ಎಂಜಿನುಗಳು, ಇಂಧನ, ನೀರಿನ ತೊಟ್ಟಿಗಳು ಮೊದಲಾದ ಭಾರವೆಲ್ಲವೂ ತಳದಲ್ಲಿವೆ. ಅದಕ್ಕಿಂತ ಮುಖ್ಯವಾದುದು ಅಗಲ. ನೀರಿನ ಮಟ್ಟದಲ್ಲಿ ಹಡಗು ೪೭ ಮೀಟರ್ ಅಗಲವಾಗಿದೆ. ಅಗಲವಾದ ಹಡಗು ಒಂದು ಬದಿಗೆ ವಾಲಿದೊಡನೆ ಆ ಬದಿಯಲ್ಲಿ ಹೆಚ್ಚು ಭಾಗವು ನೀರಿನಲ್ಲಿ ಮುಳುಗಿ, ನೀರು ಅದನ್ನು ಮೇಲಕ್ಕೆ ತಳ್ಳುತ್ತದೆ. ಕಿರಿದಾದ ದೋಣಿಯಲ್ಲಿ ಎದ್ದು ನಿಲ್ಲಲು ಅಂಜುವವನು ತೆಪ್ಪದ ಮೇಲೆ ನಿಶ್ಚಿಂತೆಯಿಂದ ಓಡಾಡುವುದೂ ಈ ಕಾರಣದಿಂದಲೇ.

ಆದರೆ ಅಗಲವು ಹೆಚ್ಚಿದಂತೆ ಬೇರೊಂದು ತೊಡಕು ಹುಟ್ಟುತ್ತದೆ. ಹಡಗಿನ ಅಂಚಿನಲ್ಲಿರುವ ಕೊಠಡಿಗಳಿಗೆ ಮಾತ್ರ ಕಿಟಕಿಯುಂಟು. ನಡುವಿನವು ಕತ್ತಲೆಯ ಗೂಡುಗಳಾಗುತ್ತವೆ. ಓಯಸಿಸ್‌ನ ಶಿಲ್ಪಿಗಳು ಇದಕ್ಕೆ ಕಂಡುಕೊಂಡ ಪರಿಹಾರವು ನಮ್ಮ ನಾಡಿನ ಹಳೆಯ ತೊಟ್ಟಿಮನೆಗಳನ್ನು ನೆನಪಿಗೆ ತರುತ್ತದೆ. ಮೇಲಂತಸ್ತುಗಳನ್ನು ಉದ್ದಕ್ಕೂ ಎರಡಾಗಿ ಸೀಳಿ, ನಡುವೆ ಆಕಾಶಕ್ಕೆ ತೆರೆದ ಅಂಗಳವನ್ನು ಬಿಟ್ಟರು. ಹಡಗಿನ ಒಳಗಿನ ಕೊಠಡಿಗೂ ಮೊಗಸಾಲೆಯೊಂದು ಬಂದಿತು. ಎಂಟನೆಯ ಅಂತಸ್ತಿನಲ್ಲಿರುವ ಈ ಅಂಗಳದ ಉದ್ದ ನೂರು ಮೀಟರ್. ಅಲ್ಲಿ ಸುಮಾರು ೧೨,೦೦೦ ಗಿಡಗಳನ್ನು ನೆಟ್ಟು, ನ್ಯೂಯಾರ್ಕಿನ ಪ್ರಸಿದ್ಧ ಉದ್ಯಾನದ ನೆನಪಿಗಾಗಿ ಸೆಂಟ್ರಲ್ ಪಾರ್ಕ್ ಎಂದು ಹೆಸರಿಟ್ಟಿದ್ದಾರೆ. ಎರಡೂ ಪಕ್ಕಗಳ ಗೋಡೆಗಳು ಕಡಲಿನ ಉಪ್ಪುಗಾಳಿಯನ್ನು ತಡೆಯುತ್ತವೆ. ನೆಲವೇ ಇಲ್ಲದ ಕಡೆ ಮರಗಳನ್ನು ಬೆಳೆಸಿದ ಈ ಸಾಹಸವೇ ಹಡಗಿನ ವೈಭವಗಳಲ್ಲೆಲ್ಲ ಮೆಚ್ಚತಕ್ಕದ್ದು.

ಇಡೀ ನೌಕೆಯನ್ನು ಏಳು ಮೊಹಲ್ಲೆಗಳಾಗಿ ವಿಂಗಡಿಸಿದ್ದಾರೆ. ಐದನೆಯ ಅಂತಸ್ತಿನಲ್ಲಿ ಅಂಗಡಿಬೀದಿ. ಅಲ್ಲಿಂದ ಎಂಟನೆಯ ಅಂತಸ್ತಿಗೆ ಪಾನಗೃಹವೊಂದು ತನ್ನ ಅತಿಥಿಗಳ ಸಮೇತ ಮೆಲ್ಲಮೆಲ್ಲನೆ ಏರಿಳಿಯುತ್ತದೆ. ಹಿಂಭಾಗದಲ್ಲಿ ಮರದ ಕುದುರೆಗಳ ತಿರುಗಣಿಯೂ, ಐದು ಮೀಟರಿಗಿಂತ ಆಳವಾದ ಕೊಳದ ಸುತ್ತ ಜಲಕ್ರೀಡೆಗಳ ರಂಗಮಂದಿರವೂ ಇವೆ. ಮಂಜುಗಡ್ಡೆಯ ಮೇಲೆ ಜಾರುವ ಅಂಗಣ, ಬಂಡೆ ಹತ್ತುವ ಗೋಡೆಗಳು, ಈಜುಕೊಳಗಳು, ನಾಟಕಶಾಲೆ, ಭೋಜನಶಾಲೆಗಳು ಇವುಗಳ ಪಟ್ಟಿ ಬೆಳೆಯುತ್ತಲೇ ಹೋಗುತ್ತದೆ. ಪ್ರಯಾಣಿಕರಿಗೆಂದೇ ಹದಿನಾರು ಅಂತಸ್ತುಗಳಿವೆ. ಆರು ಸಾವಿರಕ್ಕಿಂತ ಹೆಚ್ಚು ಜನರು ತಂಗಬಹುದು.

ಈ ವಿಲಾಸದ ಕೆಳಗೆ ಯಂತ್ರಲೋಕವಿದೆ. ಆರು ಡೀಸೆಲ್ ಎಂಜಿನುಗಳು ಸುಮಾರು ೯೭ ಮೆಗಾವಾಟ್ ವಿದ್ಯುತ್ತನ್ನು ಉತ್ಪಾದಿಸುತ್ತವೆ. ಅದರ ಬಹುಭಾಗವು ತಳದಲ್ಲಿ ತೂಗುಬಿದ್ದಿರುವ ಮೂರು ಚಾಲಕಕೋಶಗಳಿಗೆ ಹೋಗುತ್ತದೆ. ವಿದ್ಯುನ್ಮೋಟಾರು ಮತ್ತು ತಿರುಪುರೆಕ್ಕೆಯನ್ನುಳ್ಳ ಈ ಕೋಶಗಳು ಯಾವ ದಿಕ್ಕಿಗಾದರೂ ತಿರುಗಬಲ್ಲವು. ಆದುದರಿಂದ ಇಷ್ಟು ದೊಡ್ಡ ಹಡಗಿಗೆ ಚುಕ್ಕಾಣಿಯೇ ಇಲ್ಲ! ಸಮುದ್ರದ ನೀರಿನಿಂದ ಉಪ್ಪನ್ನು ಬೇರ್ಪಡಿಸಿ ಸಿಹಿನೀರನ್ನು ಪಡೆಯುವ ಯಂತ್ರಗಳೂ, ಕೊಳಚೆಯನ್ನು ಶುದ್ಧೀಕರಿಸುವ ಘಟಕಗಳೂ ಇಲ್ಲಿಯೇ ಇವೆ. ಇಂಧನದ ಹೊಗೆಯು ಮಾತ್ರ ಇಂತಹ ನೌಕೆಗಳಿಗೆ ಅಂಟಿದ ಕಳಂಕವಾಗಿಯೇ ಉಳಿದಿದೆ. ೨೦೨೦ರ ಜನವರಿಯಿಂದ ಹಡಗಿನ ಇಂಧನದಲ್ಲಿ ಗಂಧಕದ ಅಂಶವು ನೂರಕ್ಕೆ ಅರ್ಧ ಭಾಗವನ್ನು ಮೀರಬಾರದೆಂಬ ಅಂತರರಾಷ್ಟ್ರೀಯ ನಿಯಮವು ಜಾರಿಯಲ್ಲಿದೆ. ಅದಕ್ಕೆ ಮೊದಲು ಮೂರೂವರೆ ಭಾಗದವರೆಗೆ ಅವಕಾಶವಿತ್ತು.

ಆರು ಸಾವಿರ ಜನರಿಗೆ ಕಡಲಿನಲ್ಲಿ ಅಪಾಯವೊದಗಿದರೆ ಗತಿಯೇನು? ಟೈಟಾನಿಕ್‌ನಲ್ಲಿದ್ದವರು ಸುಮಾರು ೨,೨೦೦ ಮಂದಿ. ಅದರ ಜೀವರಕ್ಷಕ ದೋಣಿಗಳಲ್ಲಿ ೧,೧೭೮ ಜನರಿಗೆ ಮಾತ್ರ ಸ್ಥಳವಿತ್ತು. ಓಯಸಿಸ್‌ನಲ್ಲಿ ೩೭೦ ಜನರನ್ನು ಹೊರುವ ೧೮ ದೋಣಿಗಳಿವೆ. ಉಳಿದವರಿಗೆ ಗಾಳಿ ತುಂಬಿದ ತೆಪ್ಪಗಳು. ಆದರೂ ದೋಣಿಗಳ ಸಂಖ್ಯೆಯೊಂದರಿಂದಲೇ ಜೀವ ಉಳಿಯುವುದಿಲ್ಲ. ೨೦೧೨ರ ಜನವರಿ ೧೩ರ ರಾತ್ರಿ ಇಟಲಿಯ ಜಿಲ್ಯೊ ದ್ವೀಪದ ಬಳಿ ಕೋಸ್ಟಾ ಕಾಂಕಾರ್ಡಿಯಾ ಎಂಬ ವಿಹಾರನೌಕೆ ಬಂಡೆಗೆ ತಗುಲಿ ವಾಲಿತು. ದಡವು ಕೂಗಳತೆಯಲ್ಲಿದ್ದರೂ ೩೨ ಮಂದಿ ಪ್ರಾಣ ಕಳೆದುಕೊಂಡರು. ಹಡಗನ್ನು ತೊರೆಯುವ ಆಜ್ಞೆಯು ತಡವಾಗಿ ಬಂದಿತ್ತು. ಅಷ್ಟರಲ್ಲಿ ಹಡಗು ವಾಲಿ, ಹಲವು ದೋಣಿಗಳನ್ನು ಇಳಿಸುವುದೇ ಅಸಾಧ್ಯವಾಗಿತ್ತು. ಅಂದೇ ಹಡಗನ್ನೇರಿದ ನೂರಾರು ಪ್ರಯಾಣಿಕರಿಗೆ ಆಪತ್ಕಾಲದ ಅಭ್ಯಾಸವೂ ನಡೆದಿರಲಿಲ್ಲ. ಆಗಿನ ನಿಯಮವು ಇಪ್ಪತ್ತನಾಲ್ಕು ಗಂಟೆಗಳ ಅವಧಿಯನ್ನು ಕೊಟ್ಟಿತ್ತು. ೨೦೧೫ರಿಂದ ಹಡಗು ಹೊರಡುವ ಮುನ್ನ ಅಥವಾ ಹೊರಟ ಕೂಡಲೇ ಈ ಅಭ್ಯಾಸವು ನಡೆಯಲೇಬೇಕು.

ಪ್ರಯಾಣಿಕರ ಕಣ್ಣಿಗೆ ಬೀಳದ ಇನ್ನೊಂದು ಪಟ್ಟಣವೂ ಹಡಗಿನೊಳಗುಂಟು. ಓಯಸಿಸ್‌ನಲ್ಲಿ ದುಡಿಯುವವರು ಎರಡು ಸಾವಿರಕ್ಕೂ ಹೆಚ್ಚು ಮಂದಿ. ಅಡುಗೆಯವರು, ಕೊಠಡಿ ಸೇವಕರು, ಅಗಸರು, ಯಂತ್ರಜ್ಞರು, ವೈದ್ಯರು, ತೋಟಗಾರರು ಮೊದಲಾದ ಇವರು ನಾನಾ ದೇಶಗಳಿಂದ ತಿಂಗಳುಗಟ್ಟಲೆಯ ಕರಾರಿನ ಮೇಲೆ ಬಂದವರು. ಗೋವೆ, ಮಂಗಳೂರುಗಳ ಕಡೆಯ ತರುಣರು ವಿಹಾರನೌಕೆಗಳಲ್ಲಿ ಬಹುಕಾಲದಿಂದ ದುಡಿಯುತ್ತ ಬಂದಿದ್ದಾರೆ. ಇವರ ಕೊಠಡಿಗಳು ಕೆಳಗಿನ ಅಂತಸ್ತುಗಳಲ್ಲಿವೆ. ಮೇಲಿನ ಮೊಗಸಾಲೆಯ ಬೆಳಕು ಅಲ್ಲಿಗೆ ಇಳಿಯದು. ೨೦೨೦ರ ಫೆಬ್ರವರಿಯಲ್ಲಿ ಜಪಾನಿನ ಯೊಕೊಹಾಮಾ ರೇವಿನಲ್ಲಿ ಡೈಮಂಡ್ ಪ್ರಿನ್ಸೆಸ್ ಎಂಬ ನೌಕೆಯನ್ನು ಕೊರೋನಾ ಸೋಂಕಿನ ಕಾರಣ ತಡೆದು ನಿಲ್ಲಿಸಿದಾಗ, ಅದರಲ್ಲಿದ್ದ ೩,೭೧೧ ಜನರ ಪೈಕಿ ೭೧೨ ಮಂದಿಗೆ ಸೋಂಕು ತಗುಲಿತು. ಪ್ರಯಾಣಿಕರು ತಮ್ಮ ತಮ್ಮ ಕೊಠಡಿಗಳಲ್ಲಿ ಪ್ರತ್ಯೇಕವಾಗಿ ಉಳಿದರು. ನೌಕರರು ಮಾತ್ರ ಬಾಗಿಲು ಬಾಗಿಲಿಗೆ ಊಟವನ್ನು ಒಯ್ದರು. ಹಿಂದಿರುಗಿ ತಮ್ಮ ಹಂಚಿಕೆಯ ಕೊಠಡಿಗಳಲ್ಲಿಯೇ ಮಲಗಿದರು. ಆ ಹಡಗಿನಲ್ಲಿದ್ದ ೧೩೮ ಭಾರತೀಯರಲ್ಲಿ ೧೩೨ ಮಂದಿ ನೌಕರರೇ ಆಗಿದ್ದರು.

ಹಡಗುಗಳ ಗಾತ್ರವು ಅಲ್ಲಿಗೇ ನಿಲ್ಲಲಿಲ್ಲ. ೨೦೨೪ರ ಜನವರಿಯಲ್ಲಿ ಅದೇ ತುರ್ಕು ಪಟ್ಟಣದಲ್ಲಿ ನಿರ್ಮಾಣಗೊಂಡ ಐಕಾನ್ ಆಫ್ ದಿ ಸೀಸ್ ಎಂಬ ನೌಕೆಯು ಮಯಾಮಿಯಿಂದ ಮೊದಲ ಯಾತ್ರೆಗೆ ಹೊರಟಿತು. ಅದರ ಟನ್ನೇಜು ೨,೪೮,೬೬೩. ವೆನಿಸ್ ನಗರವಾದರೋ ೨೦೨೧ರ ಆಗಸ್ಟಿನಿಂದಲೇ ೨೫,೦೦೦ ಟನ್ನೇಜನ್ನು ಮೀರಿದ ಹಡಗುಗಳಿಗೆ ತನ್ನ ಜುಡೆಕ್ಕಾ ಕಾಲುವೆಯನ್ನು ಮುಚ್ಚಿದೆ. ನವಮಂಗಳೂರು ಬಂದರಿಗೂ ಮಳೆಗಾಲ ಕಳೆದ ಬಳಿಕ ವಿಹಾರನೌಕೆಗಳು ಬರುತ್ತವೆ. ಪ್ರವಾಸಿಗಳು ಇಳಿದು ಮೂಡಬಿದಿರೆಯ ಸಾವಿರ ಕಂಬದ ಬಸದಿಯನ್ನೂ ಕದ್ರಿಯ ದೇವಾಲಯವನ್ನೂ ನೋಡಿ ಹಡಗಿಗೆ ಮರಳುತ್ತಾರೆ. ಅಷ್ಟು ಹೊತ್ತಿಗೆ ಒಳಗೆ ಹಾಸಿಗೆಗಳು ಹಾಸಿರುತ್ತವೆ, ರಾತ್ರಿಯ ಅಡುಗೆ ಸಿದ್ಧವಾಗಿರುತ್ತದೆ.