ಗಾಜಿನ ಕೆರೆಗೊಂದು ಸಂಪ್: 1,800 ಮೀಟರ್ ಎತ್ತರದಲ್ಲಿ ಹವಳ ಸಾಕುವ ಲೆಕ್ಕ



ಬೆಂಗಳೂರು, ಮೈಸೂರು, ಹುಬ್ಬಳ್ಳಿ ಕಡೆಯ ಮನೆಗಳಲ್ಲಿ ಬೆಳೆದವರಿಗೆ ಸಂಪ್ ಅಂದ್ರೆ ಏನು ಅಂತ ಹೇಳಿಕೊಡಬೇಕಿಲ್ಲ. ಅಂಗಳದ ಕೆಳಗಿನ ತೊಟ್ಟಿ, ಮೇಲೊಂದು ಮುಚ್ಚಳ. ನಲ್ಲಿಯಲ್ಲಿ ನೀರು ಬಂದ ದಿನ ತುಂಬಿಸಿಕೊಂಡು, ಮೋಟಾರ್ ಹಾಕಿ ತಾರಸಿಯ ಟ್ಯಾಂಕಿಗೆ ಏರಿಸುವುದು. ನೀರು ಬಾರದ ದಿನ ಮನೆ ನಡೆಯುವುದೇ ಅದರಿಂದ. ಇವತ್ತಿನ ಸಂಚಿಕೆಯೂ ಸಂಪ್ ಬಗ್ಗೆಯೇ. ಆದರೆ ಇದು ಕುಡಿಯುವ ನೀರಿನದ್ದಲ್ಲ, ಹವಳ ಸಾಕುವ ಗಾಜಿನ ತೊಟ್ಟಿಯ ಕೆಳಗೆ, ಬೀರುವಿನೊಳಗೆ ಇಡುವ ಎರಡನೇ ತೊಟ್ಟಿ. ಕೆಲಸ ಮಾತ್ರ ಹೆಚ್ಚುಕಡಿಮೆ ಅದೇ: ಏನಾದರೂ ಕೆಟ್ಟಾಗ ನಮಗೆ ಒಂದಿಷ್ಟು ಸಮಯ ಕೊಡುವುದು.

ನಾವಿರುವುದು ನೈರೋಬಿಯ ಲೊರೆಶೋದಲ್ಲಿ. ಸಮುದ್ರ ನೋಡಬೇಕೆಂದರೆ ಮೊಂಬಾಸಾಕ್ಕೆ ಸುಮಾರು 480 ಕಿಲೋಮೀಟರ್ ಪ್ರಯಾಣ. ಜೊತೆಗೆ ಈ ಬಡಾವಣೆ ಸಮುದ್ರಮಟ್ಟದಿಂದ ಸುಮಾರು 1,800 ಮೀಟರ್ ಮೇಲಿದೆ. ಇಲ್ಲಿ ನೀರು 94 ಡಿಗ್ರಿಯ ಆಸುಪಾಸಿನಲ್ಲೇ ಕುದಿಯುತ್ತದೆ. ಊರಿಂದ ಬಂದವರು ಕುಕ್ಕರ್ ಇಲ್ಲದೆ ಬೇಳೆ ಬೇಯಿಸಲು ಹೋಗಿ ಇದನ್ನು ಮೊದಲ ವಾರದಲ್ಲೇ ಕಲಿಯುತ್ತಾರೆ. ಬೇಳೆಗೆ ತೊಂದರೆ ಕೊಡುವ ಅದೇ ಕಡಿಮೆ ಗಾಳಿಯ ಒತ್ತಡ ಹವಳದ ತೊಟ್ಟಿಗೂ ತೊಂದರೆ ಕೊಡುತ್ತದೆ. ಅದಕ್ಕೆ ಆಮೇಲೆ ಬರೋಣ.

ಮೊದಲು ಅಳತೆ. ಉದಾಹರಣೆಗೆ 60 ಸೆಂ.ಮೀ ಉದ್ದ, 45 ಅಗಲ, 40 ಎತ್ತರದ ತೊಟ್ಟಿ ಇಟ್ಟುಕೊಳ್ಳೋಣ. ಕಲ್ಲು, ಮರಳು, ಮೇಲಿನ ಖಾಲಿ ಅಂಚು ಕಳೆದರೆ ಉಳಿಯುವ ನೀರು ಸುಮಾರು 80 ಲೀಟರ್. ಕೆಳಗೆ 60 ಉದ್ದ, 30 ಅಗಲ, 35 ಎತ್ತರದ ಸಂಪ್ ಇಟ್ಟು, ಅದರಲ್ಲಿ 20 ಸೆಂ.ಮೀ ನೀರು ನಿಲ್ಲಿಸಿದರೆ ಇನ್ನೊಂದು 35 ಲೀಟರ್ ಸೇರುತ್ತದೆ. ಒಟ್ಟು 115.

ಈ 35 ಲೀಟರಿನಿಂದ ಏನು ಲಾಭ? ಕಲ್ಲಿನ ಸಂದಿಯಲ್ಲಿ ಒಂದು ಬಸವನಹುಳು ಸತ್ತಿತು ಅಂದುಕೊಳ್ಳಿ. ಅದು ಕೊಳೆತು ಬಿಡುವ ಅಮೋನಿಯಾ 80 ಲೀಟರಿನ ಬದಲು 115 ಲೀಟರಿನಲ್ಲಿ ಹರಡಿದರೆ ಅದರ ಸಾಂದ್ರತೆ ಶೇಕಡಾ 30ರಷ್ಟು ಕಡಿಮೆ. ಹೀಟರ್ ಕೈಕೊಟ್ಟರೆ ನೀರು ತಣ್ಣಗಾಗುವುದೂ ನಿಧಾನ. ಗಮನಿಸಿ, ಕೊಳೆ ಎಲ್ಲೂ ಮಾಯವಾಗಿಲ್ಲ. ದಿನಾ ಜಾಸ್ತಿ ಆಹಾರ ಹಾಕುತ್ತಾ ಹೋದರೆ ದೊಡ್ಡ ತೊಟ್ಟಿಯೂ ಒಂದು ದಿನ ಕೆಟ್ಟೇ ಕೆಡುತ್ತದೆ. ಸಿಗುವುದು ಸಮಯ ಅಷ್ಟೇ. ಸಣ್ಣ ತೊಟ್ಟಿಯಲ್ಲಿ ಅತಿ ದುಬಾರಿ ವಸ್ತುವೂ ಅದೇ.

ಈಗ ನೀರಿನ ದಾರಿ ನೋಡೋಣ. ನಮ್ಮ ಕೆರೆಗಳಿಗೆ ಕೋಡಿ ಇರುತ್ತದಲ್ಲ, ಹಾಗೆ ಮೇಲಿನ ತೊಟ್ಟಿಗೂ ಒಂದು ಕೋಡಿ ಬೇಕು. ನೀರು ಆ ಅಂಚು ದಾಟಿದಾಗ ಕೊಳವೆಯಲ್ಲಿ ತನ್ನ ಭಾರದಿಂದಲೇ ಕೆಳಗಿಳಿಯುತ್ತದೆ. ಕೆಳಗೆ ಒಂದು ಪಂಪ್ ಇಟ್ಟು ಅದನ್ನು ವಾಪಸ್ ಏರಿಸುತ್ತೇವೆ. ಪಂಪ್ ಒಂದೇ ಸಾಕು, ಒಂದೇ ಇರಬೇಕು. ಇಳಿಸಲು ಒಂದು, ಏರಿಸಲು ಒಂದು ಅಂತ ಎರಡು ಪಂಪ್ ಹಾಕಿದರೆ ಎರಡರ ವೇಗ ಎಂದೂ ಸರಿಸಮ ಆಗುವುದಿಲ್ಲ, ಯಾವುದಾದರೂ ಒಂದು ತೊಟ್ಟಿ ಉಕ್ಕಲೇಬೇಕು. ಕೋಡಿಯಿದ್ದರೆ ಪಂಪ್ ಎಷ್ಟು ಏರಿಸುತ್ತದೋ ಅಷ್ಟೇ ಇಳಿಯುತ್ತದೆ, ಲೆಕ್ಕ ತಾನಾಗಿಯೇ ಸರಿಹೋಗುತ್ತದೆ. ಗಂಟೆಗೆ ಮೇಲಿನ ತೊಟ್ಟಿಯ ನೀರಿನ ಮೂರರಿಂದ ಐದು ಪಟ್ಟು, ಅಂದ್ರೆ ನಮ್ಮ ಅಳತೆಗೆ 250ರಿಂದ 400 ಲೀಟರ್ ಹರಿದರೆ ಸಾಕು. ಪಂಪ್ ಡಬ್ಬಿಯ ಮೇಲೆ ಬರೆದ ಅಂಕಿ ಎತ್ತರಕ್ಕೆ ಏರಿಸದೆ ಇದ್ದಾಗಿನದ್ದು. ಒಂದು ಮೀಟರ್ ಮೇಲಕ್ಕೆ ತಳ್ಳುವಾಗ ಅದು ಬಹಳ ಇಳಿಯುತ್ತದೆ. ಕೊಳ್ಳುವ ಮೊದಲು ಆ ಪಟ್ಟಿ ನೋಡಿ.

ಕೋಡಿಗೆ ಗಾಜು ಕೊರೆಯುವುದು ಒಳ್ಳೆಯ ದಾರಿ. ಆದರೆ ಟೆಂಪರ್ಡ್ ಗಾಜನ್ನು ಕೊರೆಯಲು ಹೋದರೆ ಇಡೀ ಫಲಕ ಪುಡಿಪುಡಿಯಾಗುತ್ತದೆ. ತಯಾರಕರನ್ನು ಕೇಳದೆ ಡ್ರಿಲ್ ಮುಟ್ಟಬೇಡಿ. ಕೊರೆಯದೆ ಅಂಚಿಗೆ ನೇತುಹಾಕುವ ಸೈಫನ್ ಪೆಟ್ಟಿಗೆಗಳೂ ಇವೆ. ಅವುಗಳ ಕೊಳವೆಯೊಳಗೆ ಗಾಳಿ ಸೇರಿಕೊಂಡರೆ ಇಳಿಯುವ ನೀರು ನಿಂತುಹೋಗುತ್ತದೆ, ಪಂಪ್ ಮಾತ್ರ ಏರಿಸುತ್ತಲೇ ಇರುತ್ತದೆ. ಅದಕ್ಕೊಂದು ಸರಳ ಮುನ್ನೆಚ್ಚರಿಕೆ ಇದೆ. ಸಂಪಿನಲ್ಲಿ ಪಂಪ್ ಇರುವ ಕೋಣೆಯನ್ನು ಚಿಕ್ಕದಾಗಿ, ಉದಾಹರಣೆಗೆ 18 ಸೆಂ.ಮೀ ಉದ್ದ 30 ಅಗಲಕ್ಕೆ ಕಟ್ಟಿ. ಪಂಪಿನ ಬಾಯಿಯ ಮೇಲೆ 12 ಸೆಂ.ಮೀ ನೀರಿದ್ದರೆ ಅದು ಏರಿಸಬಲ್ಲದ್ದು ಹೆಚ್ಚೆಂದರೆ ಆರೂವರೆ ಲೀಟರ್. ಮೇಲಿನ ತೊಟ್ಟಿಯಲ್ಲಿ ಒಂದು ಸೆಂ.ಮೀಗೆ 2.7 ಲೀಟರ್ ಹಿಡಿಯುತ್ತದೆ. ಅಂಚಿನಿಂದ ಮೂರು ಸೆಂ.ಮೀ ಖಾಲಿ ಬಿಟ್ಟಿದ್ದರೆ ಅಷ್ಟೂ ನೀರು ಅಲ್ಲೇ ನಿಲ್ಲುತ್ತದೆ, ನೆಲಕ್ಕೆ ಬೀಳುವುದಿಲ್ಲ.

ಇದರ ಉಲ್ಟಾ ಸಂದರ್ಭ ಇನ್ನೂ ಸಾಮಾನ್ಯ: ಕರೆಂಟ್ ಹೋಗುವುದು. ಇದು ನೈರೋಬಿಯವರಿಗೂ ಹೊಸದಲ್ಲ, ಕರ್ನಾಟಕದವರಿಗೂ ಹೊಸದಲ್ಲ. 2023ರ ಆಗಸ್ಟ್ 25ರ ರಾತ್ರಿ ಕೀನ್ಯಾದ ಬಹುಭಾಗ ಕತ್ತಲಲ್ಲಿ ಮುಳುಗಿತ್ತು, ನೈರೋಬಿಯ ಅಂತಾರಾಷ್ಟ್ರೀಯ ವಿಮಾನ ನಿಲ್ದಾಣವೂ ಸೇರಿದಂತೆ.

ಪಂಪ್ ನಿಂತ ಕೂಡಲೇ ಕೋಡಿಯ ಅಂಚಿಗಿಂತ ಮೇಲಿರುವ ನೀರೆಲ್ಲ ಕೆಳಗಿಳಿಯುತ್ತದೆ. ಒಂದೂವರೆ ಸೆಂ.ಮೀ ಅಂದುಕೊಂಡರೆ ನಾಲ್ಕು ಲೀಟರ್, ಕೊಳವೆಗಳಲ್ಲಿರುವುದು ಒಂದೆರಡು ಲೀಟರ್. ಸಂಪಿನಲ್ಲಿ ಸೆಂ.ಮೀಗೆ 1.8 ಲೀಟರ್ ಹಿಡಿಯುವುದರಿಂದ ಮಟ್ಟ ಮೂರೂ ಚಿಲ್ಲರೆ ಸೆಂ.ಮೀ ಏರುತ್ತದೆ. ಅಷ್ಟಾದರೆ ಚಿಂತೆಯಿಲ್ಲ. ಆದರೆ ನೀರು ವಾಪಸ್ ಬರುವ ಕೊಳವೆಯ ಬಾಯಿ ಮೇಲಿನ ತೊಟ್ಟಿಯಲ್ಲಿ 12 ಸೆಂ.ಮೀ ಆಳದಲ್ಲಿದ್ದರೆ? ಅದೇ ಕೊಳವೆ ಸೈಫನ್ ಆಗಿ ಹಿಮ್ಮುಖವಾಗಿ ಎಳೆಯತೊಡಗುತ್ತದೆ, ಬಾಯಿಗೆ ಗಾಳಿ ಸಿಗುವವರೆಗೂ ನಿಲ್ಲುವುದಿಲ್ಲ. ಹನ್ನೆರಡು ಗುಣಿಸು 2.7, ಅಂದ್ರೆ 32 ಲೀಟರ್. ಸಂಪಿನಲ್ಲಿ ಖಾಲಿ ಇರುವುದು 15 ಸೆಂ.ಮೀ, 27 ಲೀಟರ್. ಉಳಿದ ಐದು ಲೀಟರ್ ಉಪ್ಪುನೀರು ಮರದ ಬೀರುವಿಗೆ, ಪ್ಲಗ್ ಬೋರ್ಡಿಗೆ.

ಆದ್ದರಿಂದ ಆ ಬಾಯಿ ನೀರಿನ ಮೇಲ್ಮೈಯಿಂದ ಎರಡು ಸೆಂ.ಮೀಗಿಂತ ಕೆಳಗಿರಬಾರದು. ಕೊಳವೆಗೆ ಮೇಲ್ಮೈ ಹತ್ತಿರ ಒಂದು ಸಣ್ಣ ತೂತು ಕೊರೆಯುವುದೂ ರೂಢಿ. ಮಟ್ಟ ಇಳಿದಾಗ ಗಾಳಿ ಒಳಗೆ ಹೋಗಿ ಸೈಫನ್ ಮುರಿಯುತ್ತದೆ. ಆದರೆ ಪಾಚಿ ಬೆಳೆದು ಆ ತೂತು ಮುಚ್ಚಿಕೊಳ್ಳುತ್ತದೆ, ಆಗಾಗ ಕಡ್ಡಿ ಹಾಕಿ ಬಿಡಿಸಬೇಕು. ಹಿಮ್ಮುಖ ತಡೆಯುವ ವಾಲ್ವ್ ಇದೆಯಲ್ಲ ಅಂದ್ರೆ, ಉಪ್ಪುನೀರಿನಲ್ಲಿ ಸುಣ್ಣದ ಚಿಪ್ಪು ಕಟ್ಟುವ ಹುಳುಗಳು ಅದರ ಬಾಗಿಲಲ್ಲೇ ಮನೆ ಮಾಡುತ್ತವೆ. ಅದೊಂದನ್ನೇ ನಂಬುವ ಹಾಗಿಲ್ಲ.

ಸಂಪ್ ಕೂರಿಸಿದ ಮೇಲೆ ಒಳಗೇನಿಡಬೇಕು? ಹೆಚ್ಚಿನವರು ಮೂರು ಕೋಣೆ ಮಾಡುತ್ತಾರೆ. ಮೊದಲನೆಯದರಲ್ಲಿ ಬಟ್ಟೆಯ ಚೀಲ ಮತ್ತು ಪ್ರೋಟೀನ್ ಸ್ಕಿಮ್ಮರ್. ಆಲೆಮನೆಯಲ್ಲಿ ಕಬ್ಬಿನ ಹಾಲು ಕುದಿಯುವಾಗ ಕೊಳೆಯೆಲ್ಲ ನೊರೆಯಾಗಿ ಮೇಲೆ ಬರುತ್ತದೆ, ಅದನ್ನು ಬಳಿದು ತೆಗೆಯುತ್ತಾರೆ. ಸ್ಕಿಮ್ಮರ್ ಮಾಡುವುದೂ ಅದನ್ನೇ, ಬೆಂಕಿಯಿಲ್ಲದೆ, ಗಾಳಿಗುಳ್ಳೆಗಳಿಂದ. ಪ್ರೋಟೀನಿನಂಥ ಅಣುಗಳ ಒಂದು ತುದಿಗೆ ನೀರು ಇಷ್ಟ, ಇನ್ನೊಂದಕ್ಕೆ ಗಾಳಿ. ಹಾಗಾಗಿ ಗುಳ್ಳೆಯ ಮೈಗೆ ಅಂಟಿಕೊಂಡು ಮೇಲಕ್ಕೆ ಹೋಗಿ ಬಟ್ಟಲಿಗೆ ಬೀಳುತ್ತವೆ. ಉಪ್ಪುನೀರಿನಲ್ಲಿ ಗುಳ್ಳೆಗಳು ಒಂದಕ್ಕೊಂದು ಕೂಡಿಕೊಳ್ಳುವುದು ಕಡಿಮೆ, ಸಣ್ಣದಾಗಿಯೇ ಉಳಿಯುತ್ತವೆ. ಸಿಹಿನೀರಿನ ತೊಟ್ಟಿಯಲ್ಲಿ ಈ ಉಪಾಯ ಸರಿಯಾಗಿ ನಡೆಯದಿರಲು ಅದೇ ಮುಖ್ಯ ಕಾರಣ.

ಎರಡನೆಯದು ಪಾಚಿಯ ಕೋಣೆ. ಕೀಟೋಮಾರ್ಫಾ ಎಂಬ ಹಸಿರು ನೂಲಿನಂಥ ಪಾಚಿಯನ್ನು ದೀಪ ಹಾಕಿ ಬೆಳೆಸುತ್ತೇವೆ. ಅದು ನೀರಿನ ನೈಟ್ರೇಟ್, ಫಾಸ್ಫೇಟ್ ಹೀರಿ ಮೈ ಬೆಳೆಸುತ್ತದೆ. ಒಂದು ಹಿಡಿ ಕಿತ್ತು ಹೊರಗೆ ಹಾಕಿದರೆ ಅಷ್ಟು ಗೊಬ್ಬರ ತೊಟ್ಟಿಯಿಂದ ಹೊರಗೆ ಹೋದಂತೆ. ಕೀಳದೆ ಬಿಟ್ಟರೆ ಪ್ರಯೋಜನವಿಲ್ಲ. ಮೂರನೆಯದು ಪಂಪ್ ಕೋಣೆ.

ಕಣ್ಣಿಗೆ ಕಾಣದ ಕೆಲಸಗಾರರೂ ಇದ್ದಾರೆ. ಅಮೋನಿಯಾವನ್ನು ನೈಟ್ರೈಟ್ ಮಾಡುವುದು ಬ್ಯಾಕ್ಟೀರಿಯಾ ಮಾತ್ರ ಅಂತ ಬಹುಕಾಲ ಪಾಠ ಮಾಡುತ್ತಿದ್ದರು. 2005ರಲ್ಲಿ ಅದೇ ಕೆಲಸ ಮಾಡುವ ಒಂದು ಆರ್ಕಿಯಾ ಜೀವಿಯನ್ನು ವಿಜ್ಞಾನಿಗಳು ಮೊದಲ ಬಾರಿಗೆ ಬೇರ್ಪಡಿಸಿ ಬೆಳೆಸಿದರು. ಅದಕ್ಕೆ ನೈಟ್ರೋಸೊಪ್ಯುಮಿಲಸ್ ಮ್ಯಾರಿಟಿಮಸ್ ಎಂದು ಹೆಸರಿಟ್ಟರು. ಅದು ಸಿಕ್ಕಿದ್ದು ಅಮೆರಿಕದ ಸಿಯಾಟಲ್ ಅಕ್ವೇರಿಯಂನ ಒಂದು ತೊಟ್ಟಿಯಲ್ಲಿ! ಈ ಬಳಗದವು ಮಹಾಸಾಗರಗಳಲ್ಲೆಲ್ಲ ಹೇರಳವಾಗಿವೆ ಅಂತ ಆಮೇಲೆ ಗೊತ್ತಾಯಿತು. ನಮ್ಮಂಥವರ ತೊಟ್ಟಿಯ ಕಲ್ಲಿನ ಮೇಲೂ ಇಂಥ ಜೀವಿಗಳೇ ದುಡಿಯುತ್ತಿರುತ್ತವೆ. ಸಂಪಿನಲ್ಲಿ ಒಂದಷ್ಟು ಕಲ್ಲು ಇಟ್ಟರೆ ಅವುಗಳಿಗೆ ಇನ್ನಷ್ಟು ಜಾಗ.

ಈಗ ಎತ್ತರದ ಮಾತು. 25 ಡಿಗ್ರಿಯ ಸಮುದ್ರದ ನೀರು ಮೊಂಬಾಸಾದಲ್ಲಿ ಲೀಟರಿಗೆ ಸುಮಾರು 6.7 ಮಿಲಿಗ್ರಾಂ ಆಮ್ಲಜನಕ ಹಿಡಿದಿಟ್ಟುಕೊಳ್ಳಬಲ್ಲದು. ಲೊರೆಶೋದಲ್ಲಿ ಗಾಳಿಯ ಒತ್ತಡ ಅದರ ಐದನೇ ನಾಲ್ಕು ಪಾಲಿನಷ್ಟು. ಹಾಗಾಗಿ ಆಮ್ಲಜನಕವೂ ಹೆಚ್ಚೆಂದರೆ 5.4ರ ಆಸುಪಾಸು. ಹಗಲಲ್ಲಿ ಹವಳದ ಮೈಯೊಳಗಿನ ಪಾಚಿಗಳು ಬೆಳಕಿನಿಂದ ಆಮ್ಲಜನಕ ಬಿಡುತ್ತವೆ. ರಾತ್ರಿ ಮೀನು, ಹವಳ, ಪಾಚಿ, ಸೂಕ್ಷ್ಮಜೀವಿ ಎಲ್ಲವೂ ಉಸಿರಾಡಿ ಅದನ್ನೇ ಖರ್ಚು ಮಾಡುತ್ತವೆ. ಕೈಯಲ್ಲಿರುವ ಗಂಟೇ ಸಣ್ಣದು, ಬೆಳಗಿನ ಜಾವಕ್ಕೆ ಇನ್ನೂ ಕರಗಿರುತ್ತದೆ.

ಸಂಪ್ ಈ 5.4ರ ಮಿತಿಯನ್ನು ಮೀರಿಸಲಾರದು. ಮಿತಿಯ ಹತ್ತಿರಕ್ಕೆ ನೀರನ್ನು ಮತ್ತೆಮತ್ತೆ ತರಬಲ್ಲದು. ಕೋಡಿಯಲ್ಲಿ ಬೀಳುವ ನೀರು, ಸ್ಕಿಮ್ಮರಿನ ಗುಳ್ಳೆಗಳು ಗಾಳಿ ಬೆರೆಸುತ್ತವೆ. ಮೇಲ್ಮೈಯಲ್ಲಿ ಕಟ್ಟುವ ಎಣ್ಣೆಯಂಥ ಪೊರೆಯನ್ನು ಕೋಡಿ ಎಳೆದುಕೊಳ್ಳುತ್ತದೆ. ಇನ್ನು ಪಾಚಿ ಕೋಣೆಯ ದೀಪವನ್ನು ರಾತ್ರಿ ಹೊತ್ತು ಉರಿಸಿದರೆ ಮೇಲೆ ಕತ್ತಲಿರುವಾಗ ಕೆಳಗೆ ಆಮ್ಲಜನಕ ತಯಾರಾಗುತ್ತಿರುತ್ತದೆ. ರಾತ್ರಿ ಪಿಹೆಚ್ ಕುಸಿಯುವುದೂ ಕಡಿಮೆಯಾಗುತ್ತದೆ.

ಇದರಿಂದಲೇ ಕರೆಂಟ್ ಹೋದಾಗ ಬ್ಯಾಟರಿಗೆ ಮೊದಲು ಏನನ್ನು ಜೋಡಿಸಬೇಕು ಅನ್ನುವ ಪ್ರಶ್ನೆಗೂ ಉತ್ತರ ಸಿಗುತ್ತದೆ. ಜುಲೈ ರಾತ್ರಿ ಇಲ್ಲಿ ಚಳಿ ಜೋರು, ಕೈ ತಾನಾಗಿಯೇ ಹೀಟರ್ ಕಡೆ ಹೋಗುತ್ತದೆ. ಆದರೆ 115 ಲೀಟರ್ ನೀರು 50 ವ್ಯಾಟ್‌ನಷ್ಟು ಶಾಖ ಕಳೆದುಕೊಳ್ಳುತ್ತಿದ್ದರೂ ಗಂಟೆಗೆ ಇಳಿಯುವುದು ಅರ್ಧ ಡಿಗ್ರಿಗಿಂತ ಕಡಿಮೆ. ನಾಲ್ಕು ಗಂಟೆಯಲ್ಲಿ ಒಂದೂವರೆ ಡಿಗ್ರಿ ತಣ್ಣಗಾದರೆ ಮೀನು ಸಾಯುವುದಿಲ್ಲ. ಅಲುಗಾಡದ ನೀರಿನಲ್ಲಿ ಆಮ್ಲಜನಕ ಅದಕ್ಕಿಂತ ಬೇಗ ಮುಗಿಯಬಹುದು. ಬ್ಯಾಟರಿಯಿಂದ ನಡೆಯುವ ಒಂದು ಸಣ್ಣ ಗಾಳಿಪಂಪ್ ಮೊದಲು. ತೊಟ್ಟಿಗೆ ಕಂಬಳಿ ಹೊದಿಸುವುದು ಎರಡನೆಯದು. ಹೀಟರ್ ಕೊನೆಗೆ.

ಕೊನೆಯದಾಗಿ ನೀರು ತುಂಬಿಸುವುದು. ಆವಿಯಾಗುವುದು ಬರೀ ನೀರು, ಉಪ್ಪು ಹಿಂದೆಯೇ ಉಳಿಯುತ್ತದೆ. ಅದಕ್ಕೆ ಸಿಹಿನೀರನ್ನೇ ಸೇರಿಸಬೇಕು. ಸಂಪ್ ಇದ್ದರೆ ಈ ಇಳಿಕೆಯೆಲ್ಲ ಪಂಪ್ ಕೋಣೆಯಲ್ಲಿ ಮಾತ್ರ ಕಾಣುತ್ತದೆ. ದಿನಕ್ಕೆ ಒಂದು ಲೀಟರ್ ಆರಿದರೆ ಸುಮಾರು ಎರಡು ಸೆಂ.ಮೀ. ಒಂದು ವಾರ ಊರಿಗೆ ಹೋಗಿಬಂದರೆ ಪಂಪ್ ಗಾಳಿ ಎಳೆಯುತ್ತಿರುತ್ತದೆ, ಒಣಗಿದ ಸಂಪಿಗೆ ಮೋಟಾರ್ ಹಾಕಿದ ಹಾಗೆ. ದಿನಕ್ಕೊಂದು ಲೀಟರ್ ಅಂದ್ರೆ ವರ್ಷಕ್ಕೆ 365 ಲೀಟರ್, ಇಡೀ ತೊಟ್ಟಿಯ ಮೂರು ಪಟ್ಟು. ಆ ನೀರಿನಲ್ಲಿ ಏನಿದೆಯೋ ಅದೆಲ್ಲ ಮೂರು ಪಟ್ಟಾಗಿ ಜಮೆಯಾಗುತ್ತಾ ಹೋಗುತ್ತದೆ, ನೀರು ಬದಲಿಸುವಾಗ ಹೊರಹೋಗುವುದನ್ನು ಬಿಟ್ಟರೆ. ನೈರೋಬಿಯ ಅನೇಕ ಕೊಳವೆಬಾವಿಗಳಲ್ಲಿ ಫ್ಲೋರೈಡ್ ವಿಶ್ವ ಆರೋಗ್ಯ ಸಂಸ್ಥೆಯ ಮಿತಿಯಾದ 1.5 ಮಿಲಿಗ್ರಾಂ ದಾಟುತ್ತದೆ. ಕೋಲಾರ, ಪಾವಗಡದವರಿಗೆ ಈ ಕಥೆ ಗೊತ್ತೇ ಇದೆ. ಸಮುದ್ರದ ನೀರಿನಲ್ಲೂ ಸಹಜವಾಗಿ ಸುಮಾರು 1.3 ಮಿಲಿಗ್ರಾಂ ಫ್ಲೋರೈಡ್ ಇರುತ್ತದೆ, ಹಾಗಾಗಿ ಅದು ಹವಳಕ್ಕೆ ಅಪರಿಚಿತವಲ್ಲ. ಕೂಡುತ್ತಾ ಹೋಗುವುದೇ ತೊಂದರೆ. ಆರ್‌ಒ ಯಂತ್ರದ ನೀರನ್ನೇ ಬಳಸಿ.

ಇಷ್ಟೆಲ್ಲ ಕಟ್ಟುವ ಮೊದಲು ಇನ್ನೊಂದು ಮಾತು. ಸಂಪ್ ಇದೆ ಅಂತ ಹೆಚ್ಚು ಮೀನು, ಹೆಚ್ಚು ಹವಳ ತುಂಬಿದರೆ ಗಳಿಸಿದ ಸಮಯವೆಲ್ಲ ಅಲ್ಲೇ ಖರ್ಚು. ಹವಳ ಎಲ್ಲಿಂದ ಬಂತು ಅನ್ನುವುದೂ ಮುಖ್ಯ. ಕಲ್ಲುಹವಳಗಳೆಲ್ಲ ಸೈಟಿಸ್ ಒಪ್ಪಂದದ ಎರಡನೇ ಪಟ್ಟಿಯಲ್ಲಿವೆ, ಪರವಾನಗಿ ಇಲ್ಲದೆ ಗಡಿ ದಾಟುವಂತಿಲ್ಲ. ಭಾರತದಲ್ಲಿ 2001ರಿಂದ ದಿಬ್ಬ ಕಟ್ಟುವ ಹವಳಗಳಿಗೆ ವನ್ಯಜೀವಿ ಕಾಯ್ದೆಯ ಮೊದಲ ಪಟ್ಟಿಯ ರಕ್ಷಣೆಯಿದೆ, ಹುಲಿಗೆ ಇರುವಂಥದ್ದೇ. ಮುರ್ಡೇಶ್ವರದ ಆಚೆ ನೇತ್ರಾಣಿ ದ್ವೀಪದ ಹವಳಕ್ಕೂ ಅದು ಅನ್ವಯ. ಇಲ್ಲಿ ಕೀನ್ಯಾದಲ್ಲಿ ಮಾಲಿಂದಿ ಕಡಲ ಉದ್ಯಾನ 1968ರಿಂದ ಇದೆ. ಆದರೂ 1998ರಲ್ಲಿ ಸಮುದ್ರ ಬಿಸಿಯೇರಿದಾಗ ಈ ಕರಾವಳಿಯ ಅನೇಕ ದಿಬ್ಬಗಳಲ್ಲಿ ಅರ್ಧಕ್ಕಿಂತ ಹೆಚ್ಚು ಹವಳ ಸತ್ತಿತು. ಬೇಸಿಗೆಯ ಗರಿಷ್ಠಕ್ಕಿಂತ ಒಂದು ಡಿಗ್ರಿಯಷ್ಟು ಬಿಸಿ ಕೆಲವು ವಾರ ನಿಂತರೂ ಸಾಕು, ಹವಳ ಬಿಳಿಚಿಕೊಳ್ಳುತ್ತದೆ. ತೊಟ್ಟಿಗಾದರೆ ಕೆಳಗೊಂದು ಸಂಪ್ ಇಡಬಹುದು. ಸಮುದ್ರಕ್ಕೆ ಅಂಥದ್ದೊಂದು ಇಲ್ಲ.

ಈಗಾಗಲೇ ಸಂಪ್ ಇರುವ ಕೇಳುಗರಿಗೆ ಈ ವಾರದ ಕೆಲಸ: ನೀವು ಮನೆಯಲ್ಲೇ ಇರುವಾಗ, ಹಗಲು ಹೊತ್ತಿನಲ್ಲಿ, ಪಂಪಿನ ಸ್ವಿಚ್ ಆರಿಸಿ ಹತ್ತು ನಿಮಿಷ ಬಿಡಿ. ಸಂಪಿನಲ್ಲಿ ನೀರು ಎಲ್ಲಿಯವರೆಗೆ ಏರಿತೋ ಅಲ್ಲೊಂದು ಗೆರೆ ಎಳೆಯಿರಿ. ಮತ್ತೆ ಸ್ವಿಚ್ ಹಾಕಿ, ನೀರು ಎಲ್ಲಿ ನಿಲ್ಲುತ್ತದೆ ಅಂತ ಇನ್ನೊಂದು ಗೆರೆ. ಆಮೇಲೆ ನೀರು ಸೇರಿಸುವಾಗ ಕೆಳಗಿನ ಗೆರೆ ದಾಟಬೇಡಿ. ಈ ಎರಡು ಗೆರೆ ಇದ್ದರೆ ರಾತ್ರಿ ಕರೆಂಟ್ ಹೋದರೂ ನೆಮ್ಮದಿಯಾಗಿ ನಿದ್ದೆ ಮಾಡಬಹುದು.